ನೆರಳಿನ ಸಮಪಾಲು: ಇಕ್ಕಟ್ಟಿನ ಬೀದಿಗೆ ಮರ ತರುವ ಬಗೆ

ನಗರದಲ್ಲಿ ಎಷ್ಟು ಮರಗಳಿವೆ ಎಂಬುದಕ್ಕಿಂತ ಅವು ಯಾರ ಮನೆಯ ಮುಂದಿವೆ ಎಂಬುದನ್ನು ಮುಖ್ಯವಾಗಿ ನೋಡುವ ಅಧ್ಯಯನಕ್ರಮವನ್ನು ‘ವೃಕ್ಷ ಸಮಾನತೆ’ ಎನ್ನಬಹುದಾಗಿದ್ದು, ನೆರಳೂ ತಂಪೂ ಆದಾಯಕ್ಕೆ ತಕ್ಕಂತೆ ಹಂಚಿಕೆಯಾಗಬಾರದೆಂಬ ವಾದ ಅದರ ತಳಹದಿಯಾಗಿದೆ. ದಿವ್ಯಾ ಗೋಪಾಲ್, ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ 44 ಕೊಳೆಗೇರಿಗಳ ಗಿಡಮರಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಲಿ ಮರಗಳ ದಟ್ಟಣೆಯೂ ವೈವಿಧ್ಯವೂ ಉಳ್ಳವರ ಬಡಾವಣೆಗಳಿಗಿಂತ ಬಹಳ ಕಡಿಮೆ ಎಂದು ತೋರಿಸಿತು. ಆದರೆ ಉದ್ಯಾನಗಳಲ್ಲಿಯೂ ರಸ್ತೆಬದಿಗಳಲ್ಲಿಯೂ ಹೊರನಾಡಿನ ಜಾತಿಗಳೇ ಮೇಲುಗೈ ಪಡೆದಿದ್ದರೆ, ಕೊಳೆಗೇರಿಗಳ ಮರಗಳಲ್ಲಿ ಹೆಚ್ಚಿನವು ಈ ನೆಲದವೇ ಆಗಿದ್ದವು. ನುಗ್ಗೆ, ತೆಂಗು, ಅರಳಿಗಳು ಮತ್ತೆ ಮತ್ತೆ ಕಂಡುಬಂದವು. ಇಂತಹ ಕೇರಿಗಳಲ್ಲಿ ಕೊರತೆಯಿರುವುದು ಮರದ ತಿಳಿವಳಿಕೆಗಲ್ಲ, ಮರಕ್ಕೆ ಬೇಕಾದ ಮಣ್ಣಿಗೆ ಎಂಬುದನ್ನು ಮುಂದೆ ವಿವರಿಸುವ ಐದು ಹಂತಗಳೂ ಆಧಾರವಾಗಿ ಇಟ್ಟುಕೊಂಡಿವೆ.

ಉದಾಹರಣೆಗೆ, ಬೆಂಗಳೂರಿನ ಮೈಸೂರು ರಸ್ತೆಯ ಅಂಚಿನಲ್ಲಿರುವ ದೀಪಾಂಜಲಿ ನಗರ ಮತ್ತು ಅದರ ನೆರೆಹೊರೆಯ ಬಡಾವಣೆಗಳು ಭಾರೀ ವಾಹನಗಳ ಹೆದ್ದಾರಿಗೂ, 2015ರಿಂದ ಮೆಟ್ರೊ ಓಡುತ್ತಿರುವ ಎತ್ತರಿಸಿದ ಮಾರ್ಗಕ್ಕೂ ಹೊಂದಿಕೊಂಡಿದ್ದು, ಒಳಬೀದಿಗಳಲ್ಲಿ 20×30 ಅಡಿಯ ನಿವೇಶನಗಳು ಚರಂಡಿಯ ಅಂಚಿನವರೆಗೂ ಕಟ್ಟಡಗಳಾಗಿರುವ ಕಡೆ ಗಿಡ ನೆಡಲು ಅಂಗೈಯಗಲದ ನೆಲವೂ ಸಿಗುವುದಿಲ್ಲ.

ಮೊದಲ ಹಂತ: ನೆರಳಿನ ಎಣಿಕೆ

ಬೀದಿಯ ನಿವಾಸಿಗಳು ಏಪ್ರಿಲ್ ತಿಂಗಳ ಒಂದು ದಿನ ಮಧ್ಯಾಹ್ನ ಎರಡರ ಸುಮಾರಿಗೆ ತಮ್ಮ ಓಣಿಯಲ್ಲಿ ನಡೆದು, ಮರಗಳನ್ನಷ್ಟೇ ಎಣಿಸದೆ ನೆರಳು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದನ್ನು ಕಾಗದದ ಮೇಲೆ ಗುರುತಿಸಬೇಕು. ಬಸ್ ನಿಲ್ದಾಣ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಇಸ್ತ್ರಿ ಗಾಡಿ ನಿಲ್ಲುವ ಮೂಲೆ ಮೊದಲಾಗಿ ಜನರು ಬಿಸಿಲಿನಲ್ಲಿ ಕಾಯಲೇಬೇಕಾದ ಜಾಗಗಳನ್ನು ಬೇರೆ ಬಣ್ಣದಲ್ಲಿ ತೋರಿಸಬೇಕು. ಅಳತೆಗೋಲಾಗಿ ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಮುಂದಿಟ್ಟ ‘3-30-300’ ಸೂತ್ರವನ್ನು ಬಳಸಬಹುದು: ಪ್ರತಿ ಮನೆಯಿಂದ 3 ಮರಗಳು ಕಾಣಬೇಕು, ಬಡಾವಣೆಯ ಶೇ 30ರಷ್ಟು ನೆಲದ ಮೇಲೆ ಮರಗಳ ಮೇಲಾವರಣ, ಅಂದರೆ ಕೊಂಬೆ ಎಲೆಗಳ ಹರವು ಇರಬೇಕು, 300 ಮೀಟರ್ ಒಳಗೆ ಉದ್ಯಾನ ಸಿಗಬೇಕು. ಇಕ್ಕಟ್ಟಿನ ಓಣಿಗೆ ಎರಡನೆಯ ಗುರಿ ಸದ್ಯಕ್ಕೆ ದೂರದ ಮಾತಾದರೂ, ಮೊದಲನೆಯದು ಕೈಗೆಟುಕುವಂಥದ್ದು. ವಾರ್ಡಿನ ಸರಾಸರಿಯನ್ನು ಮಾತ್ರ ನಂಬುವುದು ಸರಿಯಲ್ಲ, ಏಕೆಂದರೆ ಕಾರ್ಖಾನೆಯೊಂದರ ಕಾಂಪೌಂಡಿನೊಳಗಿನ ಮರಗಳೂ ಆ ಲೆಕ್ಕದಲ್ಲಿ ಸೇರಿ, ಪಕ್ಕದ ಬೋಳು ಬೀದಿಯನ್ನು ಮರೆಮಾಚಿಬಿಡುತ್ತವೆ.

ಈ ಎಣಿಕೆ ಅಲಂಕಾರಕ್ಕಾಗಿ ಅಲ್ಲ. ಬೆಂಗಳೂರಿನ ರಸ್ತೆಬದಿ ಮರಗಳ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ, ಟಾರಿನ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೆ ಕಡಿಮೆಯಿತ್ತು.

ಎರಡನೆಯ ಹಂತ: ಮಣ್ಣಿನ ಹುಡುಕಾಟ

ಗಿಡ ನೆಡುವ ಹೆಚ್ಚಿನ ಅಭಿಯಾನಗಳು ಸಸಿಯಿಂದ ಆರಂಭವಾಗಿ ಫೋಟೊದಲ್ಲಿ ಮುಗಿಯುವುದರಿಂದ, ಈ ಹಂತಕ್ಕೇ ಅತಿ ಹೆಚ್ಚು ಸಮಯ ಮೀಸಲಿಡುವುದು ವಿವೇಕ. ಮೂಲೆ ನಿವೇಶನದ ತಿರುವು, ಶಾಲೆಯ ಗೋಡೆಯ ಬದಿ, ದೇವಸ್ಥಾನದ ಮುಂಗಟ್ಟು, ಗುಜರಿ ವಾಹನ ನಿಂತು ಹಾಳುಬಿದ್ದ ತಾವು ಇವುಗಳನ್ನು ಪಟ್ಟಿಮಾಡಿ, ಪ್ರತಿಯೊಂದರ ಕೆಳಗೆ ಒಳಚರಂಡಿ, ನೀರಿನ ಕೊಳವೆ, ಕೇಬಲ್ ಹಾದುಹೋಗಿವೆಯೇ ಎಂಬುದನ್ನು ಜಲಮಂಡಳಿ ಹಾಗೂ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂನ ಸ್ಥಳೀಯ ಸಿಬ್ಬಂದಿಯಿಂದ ಕೇಳಿ ತಿಳಿಯಬೇಕು. ತಂತಿಯ ಕೆಳಗಿನ ಜಾಗಕ್ಕೆ ‘ಕುಳ್ಳ ಮರ’ ಎಂದೂ, ಮೇಲೆ ಆಕಾಶ ತೆರೆದಿರುವಲ್ಲಿಗೆ ‘ದೊಡ್ಡ ಮರ’ ಎಂದೂ ಆಗಲೇ ಬರೆದಿಟ್ಟರೆ, ಹತ್ತು ವರ್ಷಗಳ ನಂತರ ಕೊಂಬೆ ಬೋಳಿಸುವ ಪ್ರಮೇಯ ತಪ್ಪುತ್ತದೆ.

ಫುಟ್‌ಪಾತಿನ ಕಲ್ಲನ್ನು ತೆಗೆಯುವುದೂ ರಸ್ತೆಬದಿಯಲ್ಲಿ ನೆಡುವುದೂ ನಗರಾಡಳಿತದ ಒಪ್ಪಿಗೆಯಿಂದಲೇ ಆಗಬೇಕಾದ ಕೆಲಸಗಳು. 2025ರ ಸೆಪ್ಟೆಂಬರ್‌ನಲ್ಲಿ ಹಿಂದಿನ ಮಹಾನಗರ ಪಾಲಿಕೆಯಾದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ಬೀದಿ ಯಾವ ಪಾಲಿಕೆಗೆ ಸೇರಿದೆಯೆಂದು ಖಚಿತಪಡಿಸಿಕೊಂಡು, ನಕ್ಷೆಯನ್ನು ಲಗತ್ತಿಸಿ, ನಿವಾಸಿಗಳ ಸಹಿಯೊಂದಿಗೆ ಅರಣ್ಯ ವಿಭಾಗಕ್ಕೆ ಮನವಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಬೀದಿಯು ಕೊಳಗೇರಿ ಅಭಿವೃದ್ಧಿ ಮಂಡಳಿಯ ವಸತಿ ಸಮುಚ್ಚಯದಲ್ಲಿದ್ದರೆ ಮಂಡಳಿಗೂ ಒಂದು ಪ್ರತಿ ಹೋಗಬೇಕು.

ಮೂರನೆಯ ಹಂತ: ಜಾತಿಯ ಆಯ್ಕೆ

ತಂತಿಯ ಕೆಳಗೆ ಮಂದಾರ, ಪಾರಿಜಾತ, ಕರಿಬೇವುಗಳು ಹೊಂದಿಕೊಳ್ಳುತ್ತವೆ. ಅಗಲವಾದ ಬದಿಗೆ ಹೊಂಗೆ, ಬೇವು, ಹೊಳೆದಾಸವಾಳಗಳು ಸೂಕ್ತ. ನೇರಳೆಯ ಹಣ್ಣು ನೆಲವನ್ನು ಜಾರುವಂತೆ ಮಾಡುವುದರಿಂದ ಅದನ್ನು ಜನ ಓಡಾಡುವ ಕಡೆ ನೆಡದೆ ಆಟದ ಅಂಗಳದ ಅಂಚಿಗೆ ಇಡಬೇಕು. ಅರಳಿ ಗೋಡೆ ಸೀಳುವ ಮರವಾದ್ದರಿಂದ ಕಟ್ಟೆ ಕಟ್ಟುವಷ್ಟು ಬಯಲಿದ್ದರೆ ಮಾತ್ರ ಅದಕ್ಕೆ ಜಾಗ. ನುಗ್ಗೆಯನ್ನು ಎಲ್ಲರೂ ಬಯಸುತ್ತಾರೆ, ಏಕೆಂದರೆ ಕಾಯೂ ಸೊಪ್ಪೂ ಅಡುಗೆಮನೆಗೆ ಸಲ್ಲುತ್ತವೆ. ಆದರೆ ಅದರ ಕೊಂಬೆ ಸುಲಭವಾಗಿ ಮುರಿಯುತ್ತದೆ, ಮಳೆಗಾಲದಲ್ಲಿ ಕಂಬಳಿಹುಳು ಮುತ್ತುತ್ತದೆ, ನೆರೆಮನೆಯವರ ಜಗಳಕ್ಕೂ ಅದೇ ಕಾರಣವಾಗುತ್ತದೆ, ಆದ್ದರಿಂದ ಕಿಟಕಿ ಬಾಗಿಲುಗಳಿಂದ ದೂರವಿಡುವುದು ಲೇಸು. ಯಾವ ಮರ ಎಂಬ ಅಂತಿಮ ಮಾತು ಆ ಬಾಗಿಲಿನ ಮನೆಯವರದ್ದೇ ಆಗಿರಬೇಕು. ನೀರೆರೆಯುವವರೂ ಎಲೆ ಗುಡಿಸುವವರೂ ಅವರೇ ತಾನೆ.

ನಾಲ್ಕನೆಯ ಹಂತ: ನೆಡುವುದು, ಎರಡು ಬೇಸಿಗೆ ದಾಟಿಸುವುದು

ಮೂರು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮೇ ತಿಂಗಳಲ್ಲಿ ತೆಗೆದು, ಕಟ್ಟಡದ ಒಡಕಲನ್ನೆಲ್ಲ ಆರಿಸಿ ಹೊರಹಾಕಿ, ಕೆಂಪು ಮಣ್ಣಿಗೆ ಕಾಂಪೋಸ್ಟ್ ಬೆರೆಸಿ ತುಂಬಿಡಬೇಕು. ಮುಂಗಾರಿನ ಎರಡು ಮೂರು ಒಳ್ಳೆಯ ಮಳೆಗಳ ನಂತರ ಆರೇಳು ಅಡಿ ಎತ್ತರದ ಸಸಿಯನ್ನು ನೆಟ್ಟರೆ, ಸೆಪ್ಟೆಂಬರ್–ಅಕ್ಟೋಬರಿನ ಜೋರು ಮಳೆಯ ಹೊತ್ತಿಗೆ ಬೇರು ಹಿಡಿದಿರುತ್ತದೆ. ಬಿದಿರಿನ ಆಸರೆಗೆ ತೆಂಗಿನ ನಾರಿನ ಹಗ್ಗದಿಂದ ಸಡಿಲವಾಗಿ ಕಟ್ಟಿ, ದನ ಮತ್ತು ದ್ವಿಚಕ್ರ ವಾಹನಗಳಿಂದ ಕಾಪಾಡಲು ಕಬ್ಬಿಣದ ಗಾರ್ಡ್ ಹಾಕಬೇಕು.

ಕಷ್ಟದ ಭಾಗ ಬೇಸಿಗೆಯ ನೀರು. 2024ರ ಮಾರ್ಚ್‌ನ ಅಭಾವದ ವೇಳೆ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದ್ದನ್ನು ನೆನೆದರೆ, ನಲ್ಲಿಯ ನೀರನ್ನೇ ನಂಬಿ ಯೋಜನೆ ಹಾಕುವುದು ಅಪಾಯವೆಂಬುದು ಸ್ಪಷ್ಟವಾಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಕೂಡಿಟ್ಟು, ವಾರಕ್ಕೆ ಎರಡು ಬಾರಿ ಒಂದೊಂದು ಕೊಡದಷ್ಟನ್ನು ಬುಡಕ್ಕೆ ನಿಧಾನವಾಗಿ ಹಾಕಿ, ಮೇಲೆ ತರಗೆಲೆ ಹೊದಿಸಿದರೆ ತೇವ ನಿಲ್ಲುತ್ತದೆ. ಒಂದು ಸಸಿಗೆ ಎರಡು ಮನೆಗಳನ್ನು ಹೊಣೆ ಮಾಡಿದರೆ, ಒಂದು ಮನೆಯವರು ಊರಿಗೆ ಹೋದಾಗ ಇನ್ನೊಂದು ಮನೆಯವರು ನೋಡಿಕೊಳ್ಳುತ್ತಾರೆ.

ಗುಂಡಿಗೆ ಜಾಗವೇ ಇಲ್ಲದ ಓಣಿಗಳಲ್ಲಿ ಹಸಿರು ವಿನ್ಯಾಸವು, ಅಂದರೆ ಕಟ್ಟಡ ಮತ್ತು ಬೀದಿಯ ರಚನೆಯಲ್ಲೇ ಗಿಡಗಳಿಗೆ ಎಡೆ ಮಾಡುವ ಕ್ರಮವು, ಬಳ್ಳಿಯಿಂದ ಆರಂಭವಾಗಬಹುದು. ಶೀಟಿನ ಮಾಡಿನ ಮೇಲೆ ಒಂದು ಅಡಿ ಅಂತರ ಬಿಟ್ಟು ಚಪ್ಪರ ಕಟ್ಟಿ, ಹಳೆಯ ಬಣ್ಣದ ಡಬ್ಬಿಯಲ್ಲಿಯೋ ಒಡೆದ ಬಕೆಟ್ಟಿನಲ್ಲಿಯೋ ನೆಟ್ಟ ಹೀರೆ, ತೊಂಡೆ, ಸೋರೆಗಳನ್ನು ಹಬ್ಬಿಸಿದರೆ ಶೀಟು ಕಾಯುವುದು ತಗ್ಗುತ್ತದೆ.

ಐದನೆಯ ಹಂತ: ಇರುವುದನ್ನು ಉಳಿಸಿಕೊಳ್ಳುವುದು

ಹೊಸ ಸಸಿ ನೆರಳು ಕೊಡಲು ಹಲವು ವರ್ಷ ಬೇಕಾಗುವುದರಿಂದ, ಬೀದಿಯಲ್ಲಿ ಈಗಾಗಲೇ ಇರುವ ಒಂದೆರಡು ದೊಡ್ಡ ಮರಗಳೇ ಅತ್ಯಂತ ಬೆಲೆಬಾಳುವವು. ಅವುಗಳ ಬುಡಕ್ಕೆ ಕಾಂಕ್ರೀಟ್ ಒತ್ತಿದ್ದರೆ ಒಂದು ಮೀಟರ್ ಸುತ್ತ ಬಿಡಿಸಲು ಕೇಳಬೇಕು. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಕೊಟ್ಟ ಆದೇಶ ಇದೇ ಅಳತೆಯದು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕಾಗಿದ್ದು, 50ಕ್ಕಿಂತ ಹೆಚ್ಚು ಮರಗಳ ಪ್ರಸ್ತಾಪವಿದ್ದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಹ್ವಾನಿಸಬೇಕಾಗುತ್ತದೆ. ಇಂತಹ ಪ್ರಕಟಣೆಗಳಿಗೆ ಸಮಯಕ್ಕೆ ಸರಿಯಾಗಿ ಲಿಖಿತ ಆಕ್ಷೇಪಣೆ ಸಲ್ಲಿಸುವ ಅಭ್ಯಾಸ ಉಳ್ಳವರ ಬಡಾವಣೆಗಳಲ್ಲಿ ಮೊದಲೇ ಬೇರೂರಿರುವುದರಿಂದ, ಮೊದಲ ಹಂತದಲ್ಲಿ ಬಿಡಿಸಿದ ನಕ್ಷೆಯ ಒಂದು ಪ್ರತಿಯನ್ನು ಇಕ್ಕಟ್ಟಿನ ಓಣಿಯವರೂ ಆಕ್ಷೇಪಣೆ ಸಲ್ಲಿಸಲು ನೆರವಾಗಲೆಂದು ಅಂಗನವಾಡಿಯ ಅಥವಾ ಸ್ವಸಹಾಯ ಸಂಘದ ಕಡತದಲ್ಲಿ ಇರಿಸಿ, ಪ್ರತಿ ಬೇಸಿಗೆ ಅದರ ಮೇಲೆಯೇ ಹೊಸ ಎಣಿಕೆಯನ್ನು ಬರೆಯುತ್ತ ಹೋಗಬೇಕು.