ಸ್ಕೌಟ್ ದಳ: ಅದರ ರಚನೆ, ನಾಯಕತ್ವ ಮತ್ತು ನನ್ನದೊಂದು ತಪ್ಪು

ಈ ವರ್ಷದ ಆರಂಭದಲ್ಲಿ ನಮ್ಮ ಕಾಲೇಜಿನಲ್ಲಿ ಒಂದು ರೋವರ್ ಘಟಕವನ್ನು ತೆರೆಯಬೇಕೆಂಬ ವಿಚಾರ ಹೊರಟಿತು. ಆಗ ನರಗುಂದದ ಕಡೆಯ ನನ್ನ ಸಹಪಾಠಿಯೊಬ್ಬನು ನೇರವಾಗಿಯೇ ಕೇಳಿದನು: "ಆಗಸ್ಟ್ ಹದಿನೈದಕ್ಕ ಸ್ಕಾರ್ಫ್ ಕಟ್ಟಿಕೊಂಡು ಸಾಲಾಗಿ ನಿಲ್ಲೂದು ಬಿಟ್ರ ಇದರಾಗ ಮತ್ತೇನೈತಿ?" ಪ್ರೌಢಶಾಲೆಯಲ್ಲಿ ಮೂರು ವರ್ಷ ಸ್ಕೌಟ್ ಆಗಿದ್ದವನು ನಾನು. ಆದರೂ ತಕ್ಷಣ ಉತ್ತರ ಹೊಳೆಯಲಿಲ್ಲ. ಅವನ ಪ್ರಶ್ನೆಯಲ್ಲಿ ಸತ್ಯಾಂಶವಿತ್ತೆಂಬದೇ ಅದಕ್ಕೆ ಕಾರಣ. ಅನೇಕ ಕಡೆಗಳಲ್ಲಿ ದಳವೆಂದರೆ ವರ್ಷಕ್ಕೆರಡು ಸಲ ಪೆಟ್ಟಿಗೆಯಿಂದ ಹೊರಬರುವ ಸಮವಸ್ತ್ರ ಮಾತ್ರವೇ ಆಗಿದೆ. ಆ ಉತ್ತರವನ್ನು ಈಗ ಸಾವಕಾಶವಾಗಿ, ಗುರುಗಳ ಮತ್ತು ವಿದ್ಯಾರ್ಥಿ ಬಂಧುಗಳ ಮುಂದೆ ಇಡಲು ಪ್ರಯತ್ನಿಸುವೆನು.

ಮೊದಲಿಗೆ ಸ್ವಲ್ಪ ಇತಿಹಾಸ. 1907ರ ಆಗಸ್ಟ್ ತಿಂಗಳಲ್ಲಿ ಇಂಗ್ಲಂಡದ ಬ್ರೌನ್‌ಸೀ ಎಂಬ ಸಣ್ಣ ದ್ವೀಪದಲ್ಲಿ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ ಇಪ್ಪತ್ತರಷ್ಟು ಹುಡುಗರನ್ನು ಕರೆದುಕೊಂಡು ಒಂದು ಶಿಬಿರ ಹೂಡಿದನು. ಅವರಲ್ಲಿ ಶ್ರೀಮಂತರ ಶಾಲೆಗಳ ಮಕ್ಕಳೂ ಇದ್ದರು, ದುಡಿಯುವವರ ಮನೆಯ ಮಕ್ಕಳೂ ಇದ್ದರು. ಅವರನ್ನು ಶ್ರೀಮಂತರು ಒಂದು ಕಡೆ, ಬಡವರು ಒಂದು ಕಡೆ ಎಂದು ಮಾಡದೆ, ಎಲ್ಲರನ್ನೂ ಬೆರೆಸಿ ನಾಲ್ಕು ಪಟ್ರೋಲುಗಳನ್ನಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಅವರೊಳಗಿನ ಒಬ್ಬ ಹುಡುಗನನ್ನೇ ನಾಯಕನನ್ನಾಗಿ ಮಾಡಿದನು. ಮುಂದಿನ ವರ್ಷ, ಅಂದರೆ 1908ರಲ್ಲಿ, ಅವನ ಪುಸ್ತಕ ಹೊರಬಿದ್ದಿತು. 1909ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಭಾರತದ ಮೊದಲ ದಳವು ಹುಟ್ಟಿತು. ಆದರೆ ಅದು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಬಾಲಕರಿಗೆ ಮಾತ್ರ ಮೀಸಲಾಗಿತ್ತು. ನಮ್ಮ ಮಕ್ಕಳಿಗೂ ಈ ಶಿಕ್ಷಣ ದೊರೆಯಬೇಕೆಂದು ಮದ್ರಾಸಿನಲ್ಲಿ ಆನಿ ಬೆಸೆಂಟ್ ಅವರೂ, ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಮೊದಲಾದವರೂ ಬೇರೆ ಬೇರೆ ಸಂಘಗಳನ್ನು ಕಟ್ಟಿದರು. ಹೀಗೆ ಹಲವಾಗಿದ್ದವುಗಳು ಸ್ವಾತಂತ್ರ್ಯಾನಂತರ 1950ನೇ ನವೆಂಬರ 7ರಂದು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಾಯಿತು. 1951ರಲ್ಲಿ ಬಾಲಿಕೆಯರ ಗೈಡ್ ಸಂಘವೂ ಅದನ್ನು ಕೂಡಿಕೊಂಡಿತು.

ಇಲ್ಲಿ ನಮ್ಮ ಭಾಗದವರು ಮರೆಯಬಾರದ ಹೆಸರೊಂದಿದೆ. ರೋಣ, ನರಗುಂದ, ಗಜೇಂದ್ರಗಡಗಳೆಲ್ಲ 1997ರ ವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವಷ್ಟೆ. ಆ ಜಿಲ್ಲೆಯ ಹುಬ್ಬಳ್ಳಿಯಲ್ಲಿ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಲವನ್ನು ಕಟ್ಟಿದರು. ಅಮೇರಿಕೆಯಲ್ಲಿ ಓದಿ ಬಂದ ವೈದ್ಯರು ಅವರು. ಅದು ಸ್ಕೌಟ್ ದಳವಲ್ಲ, ರಾಷ್ಟ್ರೀಯ ಸ್ವಯಂಸೇವಕರ ದಳ. ಅದರ ಉದ್ದೇಶವೇ ಬೇರೆ. ಆದರೆ ತರುಣರನ್ನು ಸಣ್ಣ ಸಣ್ಣ ತುಕಡಿಗಳಲ್ಲಿ ನಿಲ್ಲಿಸಿ ಶಿಸ್ತು ಕಲಿಸುವ ಕೆಲಸ ನಮ್ಮ ನೆಲಕ್ಕೆ ಹೊಸದಲ್ಲವೆಂಬದನ್ನು ಅದು ತೋರಿಸುತ್ತದೆ. 1924ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಆ ಜನಸಮುದ್ರದ ವ್ಯವಸ್ಥೆಯನ್ನು ನೋಡಿಕೊಂಡವರು ಈ ಸ್ವಯಂಸೇವಕರು.

ಇನ್ನು ರಚನೆಯ ಮಾತು. ಒಂದು ಪೂರ್ಣ ಸ್ಕೌಟ್ ಗುಂಪಿನಲ್ಲಿ ಮೂರು ಮೆಟ್ಟಿಲುಗಳಿರುತ್ತವೆ: ಹತ್ತರೊಳಗಿನ ಸಣ್ಣವರ ಕಬ್ ಪ್ಯಾಕು, ಹತ್ತು ದಾಟಿದ ಹುಡುಗರ ಸ್ಕೌಟ್ ದಳ, ನಮ್ಮಂಥ ಕಾಲೇಜು ವಯಸ್ಸಿನವರ ರೋವರ್ ಘಟಕ. ರೋವರ್ ಆಗಿ 25 ವರ್ಷಗಳ ವರೆಗೆ ಇರಬಹುದು. ಬಾಲಿಕೆಯರಲ್ಲಿ ಇವೇ ಮೂರಕ್ಕೆ ಬುಲ್‌ಬುಲ್, ಗೈಡ್, ರೇಂಜರ್ ಎಂದು ಹೆಸರು. ಮೂರಕ್ಕೂ ಬೇರೆ ಬೇರೆ ಶಿಕ್ಷಕರು, ಎಲ್ಲರ ಮೇಲೆ ಒಬ್ಬ ಗ್ರೂಪ್ ಲೀಡರ್, ಅವರೆಲ್ಲ ಕೂಡಿ ಒಂದು ಗುಂಪಿನ ಸಭೆ. ಸ್ಥಳೀಯ ಮತ್ತು ಜಿಲ್ಲಾ ಸಂಸ್ಥೆಗಳಲ್ಲಿ ನೋಂದಣಿ, ವರ್ಷ ವರ್ಷ ಅದರ ನವೀಕರಣ ಇತ್ಯಾದಿ ಕಾಗದಪತ್ರಗಳ ಕೆಲಸವೂ ಉಂಟು. ಅದನ್ನು ಇಲ್ಲಿ ವಿಸ್ತರಿಸುವದಿಲ್ಲ. ಗುಮಾಸ್ತರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು.

ಆದರೆ ದಳದ ಜೀವವಿರುವದು ಕಾಗದದಲ್ಲಿ ಅಲ್ಲ, ಪಟ್ರೋಲಿನಲ್ಲಿ. ಆರರಿಂದ ಎಂಟು ಹುಡುಗರು ಕೂಡಿದರೆ ಒಂದು ಪಟ್ರೋಲು. ನಾಲ್ಕು ಪಟ್ರೋಲುಗಳಾದರೆ, ಹೆಚ್ಚೆಂದರೆ ಮೂವತ್ತೆರಡು ಹುಡುಗರ ಒಂದು ದಳ. ಈ ಮೂವತ್ತೆರಡು ಎಲ್ಲಿಂದ ಬಂತು? ಹದಿನಾರು ಹುಡುಗರಿಗಿಂತ ಹೆಚ್ಚು ಜನರನ್ನು ತಿದ್ದುವದು ತನ್ನಿಂದಾಗದೆಂದು ಬೇಡನ್ ಪೊವೆಲನೇ ಒಪ್ಪಿಕೊಂಡಿದ್ದನು. ಉಳಿದವರು ತನಗಿಂತ ಇಮ್ಮಡಿ ಸಮರ್ಥರಿರಬಹುದೆಂದು ಆ ಸಂಖ್ಯೆಯನ್ನು ಎರಡು ಪಟ್ಟು ಮಾಡಿದನಂತೆ! ಮಾತು ವಿನೋದದ್ದಾದರೂ ಅದರಲ್ಲಿ ವಿವೇಕವಿದೆ. ಒಬ್ಬ ಮನುಷ್ಯನ ಕಣ್ಣು ಎಷ್ಟು ಜನರ ಮೇಲೆ ನಿಜವಾಗಿ ಇರಬಲ್ಲದೆಂದು ಲೆಕ್ಕ ಹಾಕಿ ಕಟ್ಟಿದ ಸಂಸ್ಥೆ ಇದು. ಎಂಬತ್ತು ಜನರ ತರಗತಿಯಲ್ಲಿ ಕೂತು ಓದುವ ನಾವು ಇದನ್ನು ಯೋಚಿಸಬೇಕಾದದ್ದಿದೆ.

ಪಟ್ರೋಲಿಗೆ ಒಂದು ಪ್ರಾಣಿಯದೋ ಪಕ್ಷಿಯದೋ ಹೆಸರಿರುತ್ತದೆ. ನಮ್ಮ ಪ್ರೌಢಶಾಲೆಯಲ್ಲಿ ತೋಳ, ಗರುಡ, ನವಿಲು, ಜಿಂಕೆ ಎಂದು ನಾಲ್ಕಿದ್ದವು. ಗಜೇಂದ್ರಗಡದ ಗುಡ್ಡದಲ್ಲಿ ಕುರಿ ಕಾಯುವ ಮನೆತನದ ಹುಡುಗನೊಬ್ಬ ತೋಳದ ಪಟ್ರೋಲಿಗೆ ಸೇರಲು ಕಡೆಯವರೆಗೂ ಒಪ್ಪಲಿಲ್ಲ. ನಾಯಕನ ಕೈಕೆಳಗೆ ಒಬ್ಬ ಉಪನಾಯಕ. ಉಳಿದವರಲ್ಲಿ ಒಬ್ಬನು ಸಾಮಾನು ಕಾಯುವವನು, ಒಬ್ಬನು ಲೆಕ್ಕ ಬರೆಯುವವನು, ಒಬ್ಬನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯವನು, ಒಬ್ಬನು ಅಡಿಗೆಯವನು. ಬರಿಗೈಯವನು ಯಾರೂ ಇರಕೂಡದು. ಇದು ಪುಸ್ತಕದಲ್ಲಿ ಬರೆದದ್ದು. ನಾನು ಮಾಡಿದ್ದು ಬೇರೆ.

ಒಂಬತ್ತನೆಯ ತರಗತಿಯಲ್ಲಿ ನನ್ನನ್ನು ಜಿಂಕೆ ಪಟ್ರೋಲಿನ ನಾಯಕನನ್ನಾಗಿ ಮಾಡಿದರು. ಹೆಗಲ ಮೇಲೆ ಅಧಿಕಾರ ಬಂದಿತೆಂದು ನಾನು ಉಬ್ಬಿದೆ. ಉಳಿದವರ ಮೇಲೆ ನನಗೆ ನಂಬಿಗೆಯಿರಲಿಲ್ಲ. ಹಗ್ಗ ಕೊಟ್ಟರೆ ಸಿಕ್ಕುಮಾಡುವರು, ಪೆಟ್ಟಿಗೆ ಕೊಟ್ಟರೆ ಕಳೆಯುವರು ಎಂದು ಎಲ್ಲವನ್ನೂ ನಾನೇ ಹೊತ್ತೆ. ಮಾರ್ಚ್ ತಿಂಗಳಲ್ಲಿ ಒಂದು ದಿನ ಗಜೇಂದ್ರಗಡದ ಕೋಟೆಯ ಗುಡ್ಡಕ್ಕೆ ದಳದ ಚಾರಣವಿತ್ತು. ನಾಲ್ಕು ಪಟ್ರೋಲುಗಳೂ ಬೇರೆ ಬೇರೆ ದಾರಿಯಿಂದ ಹತ್ತಿ ಮೇಲೆ ಕೂಡಬೇಕೆಂಬದು ನಮ್ಮ ಮಾಸ್ತರರ ಯೋಜನೆ. ಎಲ್ಲರಿಗಿಂತ ಮೊದಲು ಜಿಂಕೆಗಳೇ ಮುಟ್ಟಬೇಕೆಂದು ನಾನು ಸೀಟಿ ಊದುತ್ತ ಮುಂದೆ ನಡೆದೆ. ಬೆನ್ನಿಗೆ ಹಗ್ಗ, ಹೆಗಲಿಗೆ ಪೆಟ್ಟಿಗೆ, ಕೈಯಲ್ಲಿ ನೀರಿನ ಕ್ಯಾನು. ಮೇಲೆ ಹೋಗಿ ನಿಂತು ಎಣಿಸಿದಾಗ ನನ್ನನ್ನು ಹಿಡಿದು ಆರು ಜನ ಮಾತ್ರ ಇದ್ದೆವು. ಎಂಟು ಇರಬೇಕಾಗಿತ್ತು.

ಆ ಗಳಿಗೆಯನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಕೆಳಗೆ ಎಲ್ಲಿ ನೋಡಿದರೂ ಕಲ್ಲು, ಬಿಸಿಲು, ದೂರದಲ್ಲಿ ತಿರುಗುವ ಗಾಳಿಯಂತ್ರಗಳು. ಕೂಗಿದರೆ ಗಾಳಿಗೆ ಧ್ವನಿ ಹೋಗುವದಿಲ್ಲ. ಮುಕ್ಕಾಲು ತಾಸು ಹುಡುಕಿದ ಮೇಲೆ ಅರ್ಧದಾರಿಯಲ್ಲಿ ಒಂದು ಬಂಡೆಯ ನೆರಳಿನಲ್ಲಿ ಅವರು ಸಿಕ್ಕರು. ಎಂಟನೆಯ ತರಗತಿಯ ಸಣ್ಣ ಹುಡುಗನೊಬ್ಬನ ಕಾಲು ಉಳುಕಿತ್ತು. ಬಿಸಿಲಿಗೆ ತಲೆ ತಿರುಗಿ ವಾಂತಿಯೂ ಆಗಿತ್ತು. ಉಪನಾಯಕನು ಅವನನ್ನು ಬಿಟ್ಟು ಬರದೆ ಅಲ್ಲಿಯೇ ಕೂತಿದ್ದನು. ಅವನ ಹತ್ತಿರ ನೀರಿರಲಿಲ್ಲ, ಪಟ್ಟಿಯಿರಲಿಲ್ಲ, ಸೀಟಿಯೂ ಇರಲಿಲ್ಲ. ಎಲ್ಲವೂ ನನ್ನ ಮೈಮೇಲಿದ್ದವು. ಅಲ್ಲಿ ಕುರಿ ಬಿಟ್ಟುಕೊಂಡಿದ್ದ ಮುದುಕರೊಬ್ಬರು ತಮ್ಮ ಮಜ್ಜಿಗೆಯನ್ನು ಹುಡುಗನಿಗೆ ಕುಡಿಸಿ, ತಲೆಗೆ ಒದ್ದೆ ಬಟ್ಟೆ ಹಾಕಿ ಕಾಪಾಡಿದ್ದರು. ನನ್ನನ್ನು ನೋಡಿ ಅವರು ಬೈಯಲಿಲ್ಲ. "ಕುರಿ ಕಾಯಾಂವ ಮುಂದ ನಡಿಯಂಗಿಲ್ಲೋ ತಮ್ಮಾ, ಹಿಂದ ಇರತಾನ. ಮುಂದ ನಡಿಯಾಕ ಟಗರ ಐತಿ" ಎಂದು ಮಾತ್ರ ಅಂದರು.

ಮರುದಿನ ನಮ್ಮ ದಳದ ಗೌರವ ಸಭೆ ಕೂಡಿತು. ಇಂಗ್ಲಿಷಿನಲ್ಲಿ ಇದಕ್ಕೆ ಕೋರ್ಟ್ ಆಫ್ ಆನರ್ ಎನ್ನುವರು. ಪಟ್ರೋಲುಗಳ ನಾಯಕರೇ ಇದರ ಸದಸ್ಯರು. ದಳದ ಕಾರ್ಯಕ್ರಮ, ಹಣ, ಶಿಸ್ತು ಎಲ್ಲದರ ನಿರ್ಣಯ ಇಲ್ಲಿಯೇ. ಸ್ಕೌಟ್ ಮಾಸ್ತರರು ಇರುತ್ತಾರೆ; ಆದರೆ ಸಲಹೆಗಾರರಾಗಿ. ಒಳಗೆ ಆಡಿದ ಮಾತು ಹೊರಗೆ ಹೋಗಬಾರದೆಂಬ ನಿಯಮವಿರುವದರಿಂದ ಅಂದು ಯಾರು ಏನೆಂದರೆಂದು ಬರೆಯುವ ಹಾಗಿಲ್ಲ. ನನ್ನ ನಾಯಕತ್ವ ಹೋಗಲಿಲ್ಲವೆಂದು ಮಾತ್ರ ಹೇಳಬಹುದು. ಪೆಟ್ಟಿಗೆಯನ್ನು ಕಾಲು ಉಳುಕಿದ ಹುಡುಗನಿಗೇ ಒಪ್ಪಿಸಿದರು. ನೀರು ಎಲ್ಲರ ಹತ್ತಿರವೂ ಇರತಕ್ಕದ್ದು, ನಾಯಕ ಮುಂದಿದ್ದರೆ ಉಪನಾಯಕ ಎಲ್ಲರ ಹಿಂದೆ ಇರತಕ್ಕದ್ದು, ಪ್ರತಿ ತಿರುವಿನಲ್ಲಿ ಎಣಿಕೆಯಾಗತಕ್ಕದ್ದು ಎಂದು ದಫ್ತರದಲ್ಲಿ ಬರೆದರು.

ಕೆಲಸ ಹಂಚಿದ ಕೂಡಲೆ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುವದು. ಲೆಕ್ಕದ ಹುಡುಗನ ಕೈಯಲ್ಲಿ ನಾಲ್ವತ್ತು ರೂಪಾಯಿ ಹೊಂದಿಕೆಯಾಗಲಿಲ್ಲ; ಅದು ಎಲ್ಲಿ ಹೋಯಿತೆಂಬದು ಇಂದಿಗೂ ಗೊತ್ತಾಗಿಲ್ಲ. ಮಾಸ್ತರರು ತಮ್ಮ ಜೇಬಿನಿಂದ ತುಂಬಬಹುದಾಗಿತ್ತು, ತುಂಬಲಿಲ್ಲ. ಹಳೆಯ ವೃತ್ತಪತ್ರಗಳನ್ನು ಮಾರಿ ನಾವೇ ಕೂಡಿಸಿದೆವು. ಆದರೆ ಇನ್ನೊಂದನ್ನೂ ಕಂಡೆ. ಗಂಟುಗಳ ಪಾಠದಲ್ಲಿ ಕ್ಲೋವ್ ಹಿಚ್ ಎಂಬ ಹೆಸರನ್ನು ಉಚ್ಚರಿಸಲಾರದೆ ಹಿಂದೆ ಕೂಡುತ್ತಿದ್ದ ಒಕ್ಕಲುತನದ ಮನೆಯ ಹುಡುಗನ ಕೈಗೆ ಹಗ್ಗ ಕೊಟ್ಟಾಗ, ಎತ್ತನ್ನು ಗೂಟಕ್ಕೆ ಕಟ್ಟಿದಂತೆ ಕಣ್ಣುಮುಚ್ಚಿ ಕಟ್ಟಿ ತೋರಿಸಿದನು. ನಮ್ಮ ಎರೆಭೂಮಿಯಲ್ಲಿ ಮಳೆಯಾದ ಮೇಲೆ ಡೇರೆಯ ಗೂಟ ನಿಲ್ಲುವದಿಲ್ಲ, ಬೇಸಿಗೆಯಲ್ಲಿ ಬಿರುಕಿನೊಳಗೆ ಸಡಿಲಾಗುತ್ತದೆ. ಗೂಟದ ಬದಲು ಕಲ್ಲಿಗೆ ಹಗ್ಗ ಸುತ್ತಿ ಹೂಳಬೇಕೆಂದು ಹೇಳಿಕೊಟ್ಟವನೂ ಅವನೇ. ಎರಡು ವರ್ಷ ಅವನನ್ನು ನಾನು ದಡ್ಡನೆಂದು ತಿಳಿದಿದ್ದೆ.

ನಮ್ಮ ದಳದ ಕಥೆ ಮುಂದೆ ಸುಖವಾಗಿ ಸಾಗಲಿಲ್ಲ. ನಾನು ಶಾಲೆ ಬಿಟ್ಟ ವರ್ಷವೇ ಮಾಸ್ತರರಿಗೆ ಬೇರೆ ತಾಲೂಕಿಗೆ ವರ್ಗವಾಯಿತು. ಸಹಾಯಕ ಸ್ಕೌಟ್ ಮಾಸ್ತರರೆಂದು ಯಾರನ್ನೂ ತಯಾರಿಸಿರಲಿಲ್ಲ, ಪಾಲಕರ ಸಮಿತಿಯಿರಲಿಲ್ಲ. ಹುಡುಗರಿಗೆ ಕೆಲಸ ಹಂಚಲು ಕಲಿಸಿದ ಆ ಗುರುಗಳು ಹಿರಿಯರಲ್ಲಿ ಮಾತ್ರ ಹಂಚಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ, ಬಹುಶಃ ಹಂಚಿಕೊಳ್ಳಲು ಯಾರೂ ಮುಂದೆ ಬಂದಿರಲಿಕ್ಕಿಲ್ಲ. ಈಗ ಆ ಶಾಲೆಯಲ್ಲಿ ದಳವಿಲ್ಲ. ಡೇರೆಗಳು ಕೋಣೆಯೊಂದರಲ್ಲಿ ಇಲಿಗಳ ಪಾಲಾಗಿವೆ.

ಆದ್ದರಿಂದಲೇ ನಮ್ಮ ಕಾಲೇಜಿನ ಘಟಕದ ಬಗ್ಗೆ ನಾನು ಸ್ವಲ್ಪ ಹಟ ಹಿಡಿದಿರುವದು. ನಾಯಕರಾಗುವ ಅಧ್ಯಾಪಕರಿಗೆ ತರಬೇತಿಯುಂಟು: ಮೊದಲು ಬೇಸಿಕ್, ಆಮೇಲೆ ಅಡ್ವಾನ್ಸ್ಡ್, ಕೊನೆಗೆ ಹಿಮಾಲಯ ವುಡ್ ಬ್ಯಾಜ್. ಅದನ್ನು ಮುಗಿಸಿದವರ ಕೊರಳಲ್ಲಿ ಎರಡು ಕಟ್ಟಿಗೆಯ ಮಣಿಗಳನ್ನು ಕಾಣಬಹುದು. ಒಬ್ಬರಲ್ಲ, ಇಬ್ಬರು ಈ ತರಬೇತಿಗೆ ಹೋಗಬೇಕೆಂದು ಮಾನ್ಯ ಪ್ರಾಚಾರ್ಯರಲ್ಲಿ ಬಿನ್ನಹ ಮಾಡಿಕೊಂಡಿದ್ದೇವೆ. ಎನ್ನೆಸ್ಸೆಸ್ ಇರುವಾಗ ಇದೇಕೆಂದು ಕೆಲವರು ಕೇಳಿದ್ದಾರೆ. 1969ರಿಂದ ನಡೆದುಬಂದ ಆ ಯೋಜನೆಯ ಸೇವೆಯನ್ನು ನಾನು ಕಡಿಮೆಯೆಂದು ತಿಳಿದವನಲ್ಲ. ಅಲ್ಲಿ ದೊಡ್ಡ ಸಂಖ್ಯೆಯ ವಿದ್ಯಾರ್ಥಿಗಳು ಕೂಡಿ ಹಳ್ಳಿಯಲ್ಲಿ ಶ್ರಮಿಸುತ್ತಾರೆ. ಇಲ್ಲಿ ಐದಾರು ಜನ ವರ್ಷಗಟ್ಟಲೆ ಒಟ್ಟಿಗಿದ್ದು ಒಬ್ಬರನ್ನೊಬ್ಬರು ಅರಿಯುತ್ತಾರೆ. ಎರಡರಲ್ಲಿಯೂ ಇರಬಹುದು.

ಈ ಅರಿಯುವಿಕೆ ಯಾವಾಗ ಬೇಕಾಗುತ್ತದೆಂಬದಕ್ಕೆ ದೂರ ಹೋಗಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ರೋಣ, ನರಗುಂದ ತಾಲೂಕುಗಳ ಹೊಳೆಸಾಲಿನ ಊರುಗಳಿಗೆ ನೀರು ಹೊಕ್ಕಿತು. ಮನೆಯಲ್ಲಿ ಬಡಿದ ರೊಟ್ಟಿಯ ಗಂಟು ಹೊತ್ತುಕೊಂಡು ಕಾಕಾನ ಜೊತೆ ನಾನೂ ಒಂದು ಆಶ್ರಯಸ್ಥಾನಕ್ಕೆ ಹೋಗಿದ್ದೆ. ಸಹಾಯ ಮಾಡಲು ಬಂದವರಿಗೆ ಅಲ್ಲಿ ಕೊರತೆಯಿರಲಿಲ್ಲ. ಒಂದು ಮೂಲೆಯಲ್ಲಿ ರೊಟ್ಟಿಯ ರಾಶಿ. ಕುಡಿಯುವ ನೀರಿಗೆ ಮಾತ್ರ ಜನ ಪರದಾಡುತ್ತಿದ್ದರು. ಎಲ್ಲರೂ ರೊಟ್ಟಿಯನ್ನೇ ತಂದಿದ್ದೆವು. ಅಲ್ಲಿ ಎಂಟೆಂಟು ಜನರ ನಾಲ್ಕು ಪಟ್ರೋಲುಗಳಿದ್ದಿದ್ದರೆ ಏನಾಗುತ್ತಿತ್ತೆಂದು ಆಗ ನನಗೆ ಹೊಳೆಯಲಿಲ್ಲ, ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಸದ್ಯ ಹನ್ನೊಂದು ಹೆಸರುಗಳು ಬಂದಿವೆ. ಪ್ರಶ್ನೆ ಕೇಳಿದ ನರಗುಂದದ ಗೆಳೆಯನದೂ ಅದರಲ್ಲಿದೆ. ರೇಂಜರ್ ತಂಡಕ್ಕೆ ಹದಿನಾಲ್ಕು ವಿದ್ಯಾರ್ಥಿನಿಯರು ಹೆಸರು ಕೊಟ್ಟು ನಮ್ಮನ್ನು ಹಿಂದೆ ಹಾಕಿದ್ದಾರೆ. ಸಮವಸ್ತ್ರದ ಖರ್ಚು ಕೆಲವರಿಗೆ ಭಾರವಾದ್ದರಿಂದ ಮೊದಲ ವರ್ಷ ಸ್ಕಾರ್ಫ್ ಒಂದನ್ನೇ ಕೊಳ್ಳುವದೆಂದು ಯೋಚಿಸಿದ್ದೇವೆ. ಉಳಿದದ್ದು ಸಾವಕಾಶ ಆಗಲಿ. ಪರೀಕ್ಷೆಗಳು ಮುಗಿದ ಮೇಲೆ ಮೊದಲ ಚಾರಣ ನರಗುಂದದ ಗುಡ್ಡಕ್ಕೆ. ದಾರಿ ತೋರಿಸುವವನು ಆ ಊರಿನ ಗೆಳೆಯನೇ. ಯಾರು ಎಲ್ಲಿ ನಡೆಯಬೇಕೆಂದು ಪಟ್ಟಿ ಮಾಡುವಾಗ ಎಲ್ಲರ ಹಿಂದಿನ ಜಾಗಕ್ಕೆ ನನ್ನ ಹೆಸರು ಬರೆಸಿದ್ದೇನೆ.