ಕಾರ್ಡ್‌ಲೆಸ್ ಫೋನ್: ಕರೆಂಟು ಹೋದಾಗಲೂ ಕೈಕೊಡದಂತೆ ಅಳವಡಿಸುವುದು ಹೇಗೆ?

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಮೊಬೈಲ್ ಸಿಗ್ನಲ್ ಬೇಕೆಂದರೆ ಅಂಗಳದ ತುದಿಗೆ ಹೋಗಿ ನಿಲ್ಲಬೇಕು. ಫೈಬರ್ ಇಂಟರ್‌ನೆಟ್ ಬಂದ ಕಡೆ ಅದರ ಜೊತೆಗೇ ಲ್ಯಾಂಡ್‌ಲೈನ್ ಸಂಪರ್ಕವೂ ಸಿಗುವುದರಿಂದ, ಮೂಲೆ ಸೇರಿದ್ದ ಮನೆಫೋನು ಮತ್ತೆ ಕೆಲಸಕ್ಕೆ ಬರುತ್ತಿದೆ. ಪಟ್ಟಣಗಳಲ್ಲೂ ಅಷ್ಟೆ. ವಯಸ್ಸಾದ ತಂದೆ-ತಾಯಿಗೆ ಟಚ್‌ಸ್ಕ್ರೀನ್ ಉಜ್ಜುವುದಕ್ಕಿಂತ ದೊಡ್ಡ ಗುಂಡಿಗಳ ಫೋನೇ ಹಿತ. ರಿಂಗ್ ಕೇಳಿದ ಕೂಡಲೇ ನಡುಮನೆಗೆ ಧಾವಿಸಿ ಹೊಸಿಲು ಎಡವುವ ಅಪಾಯವನ್ನು ಕಾರ್ಡ್‌ಲೆಸ್ ತಪ್ಪಿಸುತ್ತದೆ.

ಆದರೆ ಕೊಳ್ಳುವಾಗ ಅನೇಕರು ಗಮನಿಸದ ಸಂಗತಿ ಒಂದಿದೆ. ವಯರಿನ ಹಂಗಿಲ್ಲದಿರುವುದು ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್‌ಗೆ ಮಾತ್ರ. ಅದರ ಬೇಸ್ ಯೂನಿಟ್‌ಗೆ ಲೈನಿನದೊಂದು, ಕರೆಂಟಿನದೊಂದು ಎಂದು ಎರಡು ವಯರು ಬೇಕೇ ಬೇಕು. ಬೇಸ್‌ಗೆ ಕರೆಂಟು ನಿಂತರೆ, ಹ್ಯಾಂಡ್‌ಸೆಟ್‌ನ ಬ್ಯಾಟರಿ ಪೂರ್ತಿ ತುಂಬಿದ್ದರೂ ಸಾಮಾನ್ಯವಾಗಿ ಕರೆ ಹೋಗುವುದಿಲ್ಲ, ಬರುವುದೂ ಇಲ್ಲ. ಜಾಗ ಆರಿಸುವುದರಿಂದ ಹಿಡಿದು ಬ್ಯಾಟರಿ ಬದಲಿಸುವವರೆಗೆ ಎಲ್ಲವನ್ನೂ ಇದನ್ನು ನೆನಪಿಟ್ಟುಕೊಂಡೇ ಮಾಡಬೇಕು.

ಕೊಳ್ಳುವ ಮುನ್ನ

ಅಂಗಡಿಯಲ್ಲಿ 'ವೈರ್‌ಲೆಸ್ ಲ್ಯಾಂಡ್‌ಲೈನ್' ಎಂದು ಕೇಳಿದರೆ ಸಿಮ್ ಹಾಕುವ ಮೇಜು ಫೋನನ್ನೂ ಕೊಡಬಹುದು. ಅದು ಮೊಬೈಲ್ ಟವರನ್ನೇ ನಂಬಿರುವ ಸಾಧನ. ಸಿಗ್ನಲ್ ಇಲ್ಲದ ಮನೆಯಲ್ಲಿ ಉಪಯೋಗವಿಲ್ಲ. ನಿಮಗೆ ಬೇಕಾದದ್ದು ಲ್ಯಾಂಡ್‌ಲೈನ್‌ಗೆ ಜೋಡಿಸುವ ಕಾರ್ಡ್‌ಲೆಸ್. ಹಿರಿಯರಿಗಾದರೆ ದೊಡ್ಡ ಗುಂಡಿ, ಬೆಳಕಿರುವ ಪರದೆ, ಸ್ಪೀಕರ್ ಸೌಲಭ್ಯ, ಬೇಸ್ ಮೇಲೆ ಹ್ಯಾಂಡ್‌ಸೆಟ್ ಹುಡುಕುವ ಗುಂಡಿ, ಇವಿಷ್ಟನ್ನು ನೋಡಿಕೊಳ್ಳಿ. ಮಹಡಿ ಮನೆಯಾದರೆ ಎರಡು ಹ್ಯಾಂಡ್‌ಸೆಟ್ ಇರುವ ಜೋಡಿ ಒಳ್ಳೆಯದು. ಇಂಟರ್‌ಕಾಮ್ ಇರುವ ಮಾದರಿಯಾದರೆ ಮೇಲಿನ ಕೋಣೆಯಲ್ಲಿ ಮಲಗಿರುವವರು ಅಡುಗೆಮನೆಯಲ್ಲಿರುವವರನ್ನು ಅದರಲ್ಲೇ ಕರೆಯಬಹುದು.

ಅಮೆರಿಕದಲ್ಲಿರುವ ಮಕ್ಕಳು ರಜೆಗೆ ಬರುವಾಗ ಅಲ್ಲಿಂದ ಕಾರ್ಡ್‌ಲೆಸ್ ತಂದುಕೊಡುವುದುಂಟು. ಅದನ್ನು ಇಲ್ಲಿ ಬಳಸಬೇಡಿ. ಅಲ್ಲಿ 'ಡೆಕ್ಟ್ 6.0' ಹೆಸರಿನಲ್ಲಿ ಮಾರುವ ಫೋನುಗಳು 1920ರಿಂದ 1930 ಮೆಗಾಹರ್ಟ್ಸ್ ತರಂಗಾಂತರದಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ ಆ ಪಟ್ಟಿ ಮೊಬೈಲ್ ಕಂಪನಿಗಳಿಗೆ ಹಂಚಿಕೆಯಾಗಿದೆ. ಮೊಬೈಲುಗಳು ಟವರಿಗೆ ಮಾತನಾಡುವುದು ಅದರಲ್ಲೇ. ನಿಮ್ಮ ಮನೆಯ ಫೋನು ಸುತ್ತಲಿನವರ ಮೊಬೈಲ್ ಸೇವೆಗೇ ಅಡ್ಡಿಯಾಗಬಹುದು. ಸಾಲದ್ದಕ್ಕೆ ಅದರ ಅಡಾಪ್ಟರ್ 120 ವೋಲ್ಟ್‌ಗೆ ಮಾತ್ರ ತಯಾರಾಗಿದ್ದರೆ, ನಮ್ಮ 230 ವೋಲ್ಟ್ ಪ್ಲಗ್‌ಗೆ ಹಾಕಿದ ಕ್ಷಣವೇ ಸುಡುತ್ತದೆ. ಭಾರತದ ಮಾರುಕಟ್ಟೆಗೆಂದೇ ತಯಾರಾದ ಫೋನನ್ನು ಬಿಲ್ ಸಮೇತ ಕೊಳ್ಳಿ.

ಬೇಸ್ ಎಲ್ಲಿಡಬೇಕು?

ನಮ್ಮಲ್ಲಿ ಮಾರಾಟವಾಗುವ ಅನೇಕ ಕಾರ್ಡ್‌ಲೆಸ್‌ಗಳು 2.4 ಗಿಗಾಹರ್ಟ್ಸ್ ತರಂಗಾಂತರದಲ್ಲಿ ಕೆಲಸ ಮಾಡುತ್ತವೆ. ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲದರ ಓಡಾಟವೂ ಅಲ್ಲೇ. ಆದ್ದರಿಂದ:

• ವೈಫೈ ಮೋಡೆಮ್ ಪಕ್ಕದಲ್ಲೇ ಬೇಸ್ ಇಡಬೇಡಿ. ಕನಿಷ್ಠ ಒಂದು ಮೀಟರ್ ಅಂತರವಿರಲಿ. ಲೈನ್ ವಯರು ಗಿಡ್ಡವಿದ್ದರೆ ಉದ್ದದ್ದು ಸಿಗುತ್ತದೆ. ಟಿವಿ, ಮೈಕ್ರೋವೇವ್ ಒಲೆಗಳಿಂದಲೂ ದೂರವಿಡಿ.

• ಕಬ್ಬಿಣದ ಬೀರು, ಫ್ರಿಜ್, ಕಾಂಕ್ರೀಟ್ ಗೋಡೆಗಳು ಸಿಗ್ನಲ್ಲನ್ನು ತಡೆಯುತ್ತವೆ. ಮನೆಯ ನಡುಭಾಗದಲ್ಲಿ, ಎದೆಮಟ್ಟದ ಶೆಲ್ಫ್ ಮೇಲೆ ಇಟ್ಟರೆ ಎಲ್ಲ ಕೋಣೆಗಳಿಗೂ ತಲುಪುತ್ತದೆ. ಡಬ್ಬದ ಮೇಲೆ 300 ಮೀಟರ್ ಎಂದು ಬರೆದಿದ್ದರೆ ಅದು ಬಯಲಿನ ಲೆಕ್ಕ. ಮನೆಯೊಳಗೆ 50 ಮೀಟರ್ ಸಿಕ್ಕರೆ ಹೆಚ್ಚು. ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆಗಳಲ್ಲಿ ಇನ್ನೂ ಕಡಿಮೆ.

• ಬಚ್ಚಲು, ಅಡುಗೆಕಟ್ಟೆ, ಮಳೆನೀರು ಸಿಡಿಯುವ ಕಿಟಕಿ, ಬಿಸಿಲು ಬೀಳುವ ಜಾಗ ಬೇಡ. ಇನ್ವರ್ಟರ್ ಲೈನ್ ಇರುವ ಪ್ಲಗ್ ಪಾಯಿಂಟ್ ಹತ್ತಿರವಿದ್ದರೆ ಅದೇ ಸರಿಯಾದ ಜಾಗ.

ಜೋಡಣೆ: ಹಂತ ಹಂತವಾಗಿ

1. ಮೊದಲು ಲೈನ್ ಪರೀಕ್ಷಿಸಿ. ಹಳೆಯ ವಯರಿನ ಫೋನಿದ್ದರೆ ಜೋಡಿಸಿ ಡಯಲ್ ಟೋನ್ ಬರುತ್ತದೆಯೇ ನೋಡಿ. ಲೈನೇ ಕೆಟ್ಟಿದ್ದರೆ ಹೊಸ ಫೋನನ್ನು ಬೈದು ಫಲವಿಲ್ಲ.

2. ಲೈನ್ ವಯರನ್ನು ಬೇಸ್‌ಗೆ ಸಿಕ್ಕಿಸಿ. ತಾಮ್ರದ ಲೈನಾದರೆ ಇನ್ನೊಂದು ತುದಿ ಗೋಡೆಯ ರೊಸೆಟ್ ಡಬ್ಬಿಗೆ. ಅದೇ ಲೈನಿನಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಸ್ಪ್ಲಿಟರ್‌ನ 'ಫೋನ್' ಕಿಂಡಿಗೆ. ಫೈಬರ್ ಸಂಪರ್ಕವಾದರೆ ಮೋಡೆಮ್ ಹಿಂಬದಿಯಲ್ಲಿ 'ಟೆಲ್', 'ಫೋನ್' ಅಥವಾ 'ಪಾಟ್ಸ್' ಎಂದು ಬರೆದ ಚಿಕ್ಕ ಕಿಂಡಿಗೆ. ಪಕ್ಕದಲ್ಲಿರುವ 'ಲ್ಯಾನ್' ಕಿಂಡಿ ಅಗಲವಾಗಿರುತ್ತದೆ. ಫೋನಿನ ಪಿನ್ನು ಅದರೊಳಗೂ ಹೋಗುತ್ತದೆ, ಫೋನು ಮಾತ್ರ ನಡೆಯುವುದಿಲ್ಲ. ಹಳದಿ ಅಥವಾ ಬಿಳಿ ಫೈಬರ್ ಎಳೆಯನ್ನು ಮುಟ್ಟಬೇಡಿ, ಮಡಚಲೂಬೇಡಿ.

3. ಡಬ್ಬದಲ್ಲಿ ಬಂದ ಅಡಾಪ್ಟರನ್ನೇ ಬೇಸ್‌ಗೆ ಜೋಡಿಸಿ. ಪಿನ್ನು ಹೊಂದುತ್ತದೆಂದು ಮೋಡೆಮ್ ಅಥವಾ ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ ಹಾಕಬಾರದು. ವೋಲ್ಟೇಜ್ ಬೇರೆಯಿರುತ್ತದೆ, ಪ್ಲಸ್-ಮೈನಸ್ ಅದಲುಬದಲಾಗಿರಲೂಬಹುದು.

4. ಹ್ಯಾಂಡ್‌ಸೆಟ್‌ಗೆ ಸೆಲ್ ಹಾಕಿ. ಸಾಮಾನ್ಯವಾಗಿ ಇವು 1.2 ವೋಲ್ಟ್‌ನ, ಎಎಎ ಅಳತೆಯ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್‌ಗಳು. ಪ್ಲಸ್-ಮೈನಸ್ ಗುರುತು ನೋಡಿ ಕೂರಿಸಿ.

5. ಬೇಸ್ ಮೇಲಿಟ್ಟು ಪೂರ್ತಿ ಚಾರ್ಜ್ ಆಗಲು ಬಿಡಿ. ಮಾದರಿಗೆ ತಕ್ಕಂತೆ 7ರಿಂದ 16 ಗಂಟೆ ಹಿಡಿಯಬಹುದು. ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಇಡಿ. ರಾತ್ರಿ ಇಟ್ಟರೆ ಬೆಳಗ್ಗೆ ಸಿದ್ಧ.

6. ದಿನಾಂಕ, ಸಮಯ ಹೊಂದಿಸಿ. ಡಯಲಿಂಗ್ ಬಗೆ 'ಟೋನ್' ಎಂದಿರಲಿ. ಕರೆ ಮಾಡಿದವರ ನಂಬರ್ ಪರದೆಯಲ್ಲಿ ಕಾಣದಿದ್ದರೆ ಫೋನಿನ ದೋಷವೇ ಆಗಬೇಕೆಂದಿಲ್ಲ. ಕಾಲರ್ ಐಡಿ ಸೌಲಭ್ಯವನ್ನು ಸೇವಾ ಕಂಪನಿಯವರು ನಿಮ್ಮ ಲೈನಿಗೆ ತೆರೆದಿರಬೇಕು.

7. ಬೇಸ್‌ನ ಪಿನ್ ಬದಲಿಸಿ. ಅನೇಕ ಮಾದರಿಗಳಲ್ಲಿ ಅದು 0000 ಎಂದಿರುತ್ತದೆ. ಹೆಚ್ಚುವರಿ ಹ್ಯಾಂಡ್‌ಸೆಟ್ ನೋಂದಾಯಿಸಲು ಈ ಸಂಖ್ಯೆ ಬೇಕು; ಹೊಸದನ್ನು ಕೈಪಿಡಿಯ ಮೊದಲ ಪುಟದಲ್ಲಿ ಬರೆದಿಡಿ.

8. ನಂಬರ್‌ಗಳನ್ನು ಸೇರಿಸಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಯಾವುದೇ ಮೊಬೈಲ್‌ಗೆ ಕರೆ ಮಾಡಬೇಕಾದರೂ ಮೊದಲು 0 ಒತ್ತಬೇಕು, ಅದು ಪಕ್ಕದ ಮನೆಯವರ ಮೊಬೈಲ್ ಆದರೂ ಸರಿ. ಹಾಗಾಗಿ 0 ಸೇರಿಸಿಯೇ ನಂಬರ್ ಉಳಿಸಿ. ಮಗ, ಮಗಳು, ವೈದ್ಯರು, ನೆರೆಮನೆಯವರ ನಂಬರ್‌ಗಳನ್ನು ಒಂದೇ ಗುಂಡಿಯಲ್ಲಿ ಹೋಗುವಂತೆ ಹೊಂದಿಸಿ, ಯಾವ ಗುಂಡಿ ಯಾರದ್ದೆಂದು ದಪ್ಪಕ್ಷರದ ಚೀಟಿ ಬರೆದು ಬೇಸ್ ಪಕ್ಕ ಅಂಟಿಸಿ. ತುರ್ತು ಸೇವೆಯ 112, ಆಂಬುಲೆನ್ಸ್‌ನ 108 ಅದರಲ್ಲಿರಲಿ. ಇವಕ್ಕೆ 0 ಬೇಡ, ಊರಿನ ಎಸ್‌ಟಿಡಿ ಕೋಡೂ ಬೇಡ.

ಕರೆಂಟು ಹೋದರೆ?

ಹಳೆಯ ತಾಮ್ರದ ಲೈನಿಗೆ ಸುಮಾರು 48 ವೋಲ್ಟ್ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತದೆ. ಮನೆಯಲ್ಲಿ ಕರೆಂಟಿಲ್ಲದಿದ್ದರೂ ವಯರಿನ ಫೋನು ರಿಂಗಾಗುವುದು ಇದರಿಂದಲೇ. ಆದ್ದರಿಂದ ಇನ್ನೂ ತಾಮ್ರದ ಲೈನ್ ಇರುವವರು ಹಳೆಯ ಫೋನನ್ನು ಗುಜರಿಗೆ ಹಾಕಬೇಡಿ. ಕಾರ್ಡ್‌ಲೆಸ್ ಜೊತೆಗೆ ಅದೂ ಸಮಾನಾಂತರವಾಗಿ ಜೋಡಣೆಯಲ್ಲಿರಲಿ.

ಫೈಬರ್ ಮನೆಗಳಲ್ಲಿ ಈ ಅನುಕೂಲ ಇಲ್ಲ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ವಿದ್ಯುತ್ ಬರುವುದಿಲ್ಲ. ಅಲ್ಲಿ ಮೋಡೆಮ್ ಮತ್ತು ಬೇಸ್ ಎರಡಕ್ಕೂ ಕರೆಂಟು ಬೇಕು; ಒಂದಕ್ಕೆ ಮಾತ್ರ ವ್ಯವಸ್ಥೆ ಮಾಡಿದರೆ ಏನೂ ಪ್ರಯೋಜನವಿಲ್ಲ. ಮನೆಗೆ ಇನ್ವರ್ಟರ್ ಇದ್ದರೆ ಎರಡನ್ನೂ ಅದರ ಲೈನಿಗೆ ಸೇರಿಸಿ. ಇಲ್ಲದಿದ್ದರೆ ಮೋಡೆಮ್‌ಗೆಂದು ಸಿಗುವ ಪುಟ್ಟ ಯುಪಿಎಸ್ ಕೊಳ್ಳಬಹುದು. ಆದರೆ ಅವುಗಳಲ್ಲಿ ಹೆಚ್ಚಿನವು 12 ವೋಲ್ಟ್ ಕೊಡುತ್ತವೆ. ಫೋನಿನ ಬೇಸ್‌ಗೆ ಬೇಕಾಗುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಅಡಾಪ್ಟರ್ ಮೇಲೆ 'ಔಟ್‌ಪುಟ್' ಎಂದಿರುವ ಕಡೆಯ ವೋಲ್ಟೇಜ್ ಓದಿ, ಅದಕ್ಕೆ ಸರಿಹೊಂದುವ ಕಿಂಡಿ ಯುಪಿಎಸ್‌ನಲ್ಲಿದ್ದರೆ ಮಾತ್ರ ಜೋಡಿಸಿ. ಗೊತ್ತಾಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಎಲ್ಲ ಮುಗಿದ ಮೇಲೆ ಹಗಲು ಹೊತ್ತಿನಲ್ಲಿ ಒಮ್ಮೆ ಮೇನ್ ಸ್ವಿಚ್ ಆಫ್ ಮಾಡಿ, ಹತ್ತು ನಿಮಿಷ ಕಾದು, ಮನೆಯ ಹಿರಿಯರ ಕೈಯಿಂದಲೇ ಒಂದು ಕರೆ ಮಾಡಿಸಿ. ಕರೆ ಹೋಗದಿದ್ದರೆ ಕಾರಣ ಹುಡುಕಲು ನಿಮಗೆ ಅಂದು ಪುರುಸೊತ್ತಿರುತ್ತದೆ. ಮಳೆಗಾಲದ ನಡುರಾತ್ರಿಯಲ್ಲಿ ಇರುವುದಿಲ್ಲ.

ಗುಡುಗು-ಸಿಡಿಲಿನ ಹೊತ್ತು

ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ ನಮ್ಮಲ್ಲಿ ಸಿಡಿಲಿನ ಹಾವಳಿ ಹೆಚ್ಚು. ಕಂಬದಿಂದ ಮನೆಗೆ ಬರುವ ತಾಮ್ರದ ವಯರು, ಕರೆಂಟಿನ ವಯರು ಎರಡೂ ಸಿಡಿಲಿನ ಹೊಡೆತವನ್ನು ಒಳಕ್ಕೆ ತರಬಲ್ಲವು. ಮೋಡ ಕಟ್ಟುತ್ತಿರುವಾಗಲೇ ಅಡಾಪ್ಟರ್ ಮತ್ತು ಲೈನ್ ವಯರು ಎರಡನ್ನೂ ಕಳಚಿಡಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು. ಗುಡುಗು ತಲೆಮೇಲೆ ಬಂದಿದ್ದರೆ ಕಳಚುವ ಸಾಹಸವೇ ಬೇಡ, ಬೇಸ್‌ನಿಂದ ದೂರವಿರಿ. ಆ ಹೊತ್ತಿನಲ್ಲಿ ವಯರಿನ ಫೋನು ಹಿಡಿದು ಮಾತನಾಡುವುದು ಅಪಾಯ. ತುರ್ತಾಗಿ ಮಾತನಾಡಲೇಬೇಕಾದರೆ, ಬೇಸ್‌ನಿಂದ ದೂರ ನಿಂತು ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್ ಬಳಸುವುದು ಮೇಲು. ಫೈಬರ್ ಇರುವವರೂ ಮೈಮರೆಯಬಾರದು: ಮೋಡೆಮ್ ಸುಡುವುದು ಹೆಚ್ಚಾಗಿ ಕರೆಂಟಿನ ಕಡೆಯಿಂದ.

ಬ್ಯಾಟರಿಯ ಆರೈಕೆ

ಕಾರ್ಡ್‌ಲೆಸ್ 'ಹಾಳಾಯಿತು' ಎಂದು ಮೂಲೆಗೆ ಬೀಳುವುದು ಬಹುಪಾಲು ಸೆಲ್ ಮುಪ್ಪಾದಾಗ. ರಾತ್ರಿಯಿಡೀ ಚಾರ್ಜ್ ಮಾಡಿದರೂ ಎರಡು ಕರೆಗೆ ಮುಗಿದರೆ ಸೆಲ್ ಬದಲಿಸಿ. ಎರಡನ್ನೂ ಒಟ್ಟಿಗೇ, ಒಂದೇ ಕಂಪನಿಯವು, ಒಂದೇ ಸಾಮರ್ಥ್ಯದವು ಹಾಕಬೇಕು. ಟಿವಿ ರಿಮೋಟಿನ ಮಾಮೂಲಿ ಸೆಲ್‌ಗಳನ್ನು ಎಂದಿಗೂ ಹಾಕಬೇಡಿ. ಅಳತೆ ಒಂದೇ ಆದರೂ ಅವು ರೀಚಾರ್ಜ್‌ಗೆ ಮಾಡಿದವಲ್ಲ. ಬೇಸ್ ಮೇಲಿಟ್ಟಾಗ ಬಿಸಿಯಾಗಿ ಸೋರಬಹುದು, ಒಡೆಯಲೂಬಹುದು. ಹೊಸ ಸೆಲ್ ಹಾಕಿದ ತಿಂಗಳು, ವರ್ಷವನ್ನು ಬ್ಯಾಟರಿ ಮುಚ್ಚಳದ ಒಳಗೆ ಬರೆದಿಡಿ. ಬೇಸ್‌ನ ಲೋಹದ ತಗಡುಗಳನ್ನು ತಿಂಗಳಿಗೊಮ್ಮೆ ಒಣ ಬಟ್ಟೆಯಿಂದ ಒರೆಸಿದರೆ ಚಾರ್ಜ್ ಸರಿಯಾಗಿ ಆಗುತ್ತದೆ. ಬಹುದಿನ ಊರಿಗೆ ಹೋಗುವಾಗ ಅಡಾಪ್ಟರ್ ಕಳಚಿ, ಸೆಲ್ ತೆಗೆದಿಡಿ. ಹಳೆಯ ಸೆಲ್‌ಗಳು ಒಲೆಗೂ ಬೇಡ, ತಿಪ್ಪೆಗೂ ಬೇಡ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಕಿವಿ, ಹೃದಯ, ಮಕ್ಕಳು

ಪೇಸ್‌ಮೇಕರ್ ಅಳವಡಿಸಿಕೊಂಡವರು ಬಳಸುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು. ಹ್ಯಾಂಡ್‌ಸೆಟ್ಟನ್ನು ಅಂಗಿಯ ಎದೆಜೇಬಿನಲ್ಲಿ ಇಟ್ಟುಕೊಳ್ಳಬಾರದು. ಶ್ರವಣ ಸಾಧನ ಧರಿಸುವವರಿಗೆ ಕೆಲವೊಮ್ಮೆ ಗುಂಯ್ ಎಂಬ ಸದ್ದು ಕೇಳಬಹುದು. ಸ್ಪೀಕರ್ ಹಾಕಿಕೊಂಡು ಮಾತನಾಡುವುದೇ ಸುಲಭ. ಆದರೆ ಸ್ಪೀಕರ್ ಆನ್ ಇರುವಾಗ ಫೋನನ್ನು ಕಿವಿಗೆ ಹಚ್ಚಬಾರದು. ಕಿವಿಗಿಡುವ ಭಾಗದಲ್ಲಿ ಆಯಸ್ಕಾಂತ ಇರುವುದರಿಂದ ಗುಂಡುಪಿನ್ನು, ಹೇರ್‌ಪಿನ್ನು ಅಂಟಿಕೊಳ್ಳಬಹುದು, ನೋಡಿ ಎತ್ತಿಕೊಳ್ಳಿ. ಎಎಎ ಸೆಲ್‌ಗಳು ಪುಟ್ಟ ಮಕ್ಕಳ ಬಾಯಿ ಸೇರದಂತೆ ಮುಚ್ಚಳ ಭದ್ರವಾಗಿರಲಿ. ಮಕ್ಕಳಿರುವ ಮನೆಯಲ್ಲಿ ಕೀ ಲಾಕ್ ಸೌಲಭ್ಯ ಬಳಸಿ.

ಅಪರಿಚಿತ ಕರೆಗಳು

'ಇನ್ನೆರಡು ಗಂಟೆಯಲ್ಲಿ ನಿಮ್ಮ ಫೋನು ಕಡಿತವಾಗುತ್ತದೆ, 9 ಒತ್ತಿ' ಎಂಬ ಧ್ವನಿಮುದ್ರಿತ ಕರೆ, ಪೊಲೀಸ್ ಅಥವಾ ಸಿಬಿಐ ಹೆಸರಿನ 'ಡಿಜಿಟಲ್ ಅರೆಸ್ಟ್' ಬೆದರಿಕೆ, ಇವೆಲ್ಲ ಮೋಸ. ಫೋನಿನಲ್ಲಿ ಬಂಧಿಸುವ ಕಾನೂನು ಎಲ್ಲೂ ಇಲ್ಲ. ಒಟಿಪಿ, ಎಟಿಎಂ ಪಿನ್, ಆಧಾರ್ ಸಂಖ್ಯೆ ಕೇಳಿದವರಿಗೆ ಉತ್ತರಿಸದೆ ಕರೆ ಕತ್ತರಿಸುವಂತೆ ಹಿರಿಯರಿಗೆ ಹೇಳಿಕೊಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಗುಂಡಿಗಳ ಚೀಟಿಯಲ್ಲಿ ಈ ನಂಬರೂ ಇರಲಿ. ಮಾರಾಟದ ಕರೆಗಳ ಕಾಟಕ್ಕೆ 1909ರಲ್ಲಿ ನೋಂದಾಯಿಸಬಹುದು.

ತೊಂದರೆ ಕಂಡರೆ ಮೊದಲು ಇದನ್ನು ನೋಡಿ

• ಡಯಲ್ ಟೋನ್ ಇಲ್ಲ: ಲೈನ್ ವಯರಿನ ಎರಡೂ ತುದಿ ಕಳಚಿ ಮತ್ತೆ 'ಟಕ್' ಎನ್ನುವಂತೆ ಸಿಕ್ಕಿಸಿ. ಫೈಬರ್ ಆದರೆ ಮೋಡೆಮ್‌ನ ಫೋನ್ ದೀಪ ಉರಿಯುತ್ತಿದೆಯೇ ನೋಡಿ.

• 'ಬೇಸ್ ಸಿಗುತ್ತಿಲ್ಲ' ಎಂಬ ಸಂದೇಶ: ಬೇಸ್‌ಗೆ ಕರೆಂಟು ಬರುತ್ತಿದೆಯೇ ನೋಡಿ, ಹ್ಯಾಂಡ್‌ಸೆಟ್ ಹತ್ತಿರ ತನ್ನಿ. ಆಗಲೂ ಸಿಗದಿದ್ದರೆ ಕೈಪಿಡಿ ನೋಡಿ ಮರುನೋಂದಣಿ ಮಾಡಿ.

• ಮಾತು ಕತ್ತರಿಸುತ್ತದೆ: ಬೇಸನ್ನು ಮೋಡೆಮ್‌ನಿಂದ ಇನ್ನಷ್ಟು ದೂರ ಸರಿಸಿ. ಮೊಬೈಲ್, ಲ್ಯಾಪ್‌ಟಾಪ್‌ಗಳನ್ನು ವೈಫೈನ 5 ಗಿಗಾಹರ್ಟ್ಸ್‌ಗೆ ಜೋಡಿಸಿದರೂ ಗಲಾಟೆ ತಗ್ಗುತ್ತದೆ.

• ಮೊಬೈಲ್‌ಗೆ ಕರೆ ಹೋಗುತ್ತಿಲ್ಲ: ನಂಬರಿನ ಮುಂದೆ 0 ಇದೆಯೇ?

• ಒಬ್ಬರಿಗೂ ಕರೆ ಹೋಗುತ್ತಿಲ್ಲ, ಬರುತ್ತಿಲ್ಲ: ಕಾರ್ಡ್‌ಲೆಸ್ ಕಳಚಿ, ಅದೇ ಕಿಂಡಿಗೆ ವಯರಿನ ಫೋನು ಜೋಡಿಸಿ ನೋಡಿ. ಅದೂ ಮೂಕವಾಗಿದ್ದರೆ ದೋಷ ಲೈನಿನದು. ದೂರು ಕೊಡುವಾಗ ಈ ಪರೀಕ್ಷೆ ಮಾಡಿದ್ದನ್ನು ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಫೋನಿನದೇ ದೋಷ ಎಂದು ಹೇಳಿ ಲೈನ್‌ಮನ್ ವಾಪಸಾಗುವ ಸಂದರ್ಭ ತಪ್ಪುತ್ತದೆ.