ಹೊರದೇಶದಲ್ಲಿ ಸುರಕ್ಷಿತವಾಗಿರಲು: ಮುನವಳ್ಳಿ ಭಾಗದ ಪ್ರಯಾಣಿಕರಿಗೆ ಹಂತ ಹಂತದ ಮಾರ್ಗದರ್ಶಿ

ಹೊರದೇಶದಲ್ಲಿ ಎದುರಾಗುವ ಸಂಕಷ್ಟಗಳಲ್ಲಿ ಹಲವಕ್ಕೆ ಊರಿನಲ್ಲೇ ಬೀಜ ಬಿದ್ದಿರುತ್ತದೆ. ಓದದೆ ಸಹಿ ಹಾಕಿದ ಕರಾರುಪತ್ರ, ಪ್ರವಾಸಿ ವೀಸಾದ ಮೇಲೆ ಕೆಲಸ ಕೊಡಿಸುವ ಏಜೆಂಟನ ಮಾತು, ಬಿಚ್ಚಿ ನೋಡದೆ ಚೀಲಕ್ಕೆ ಹಾಕಿಕೊಂಡ ಪರಿಚಿತರ ಪೊಟ್ಟಣ, ಮನೆಯಲ್ಲಿ ಪ್ರತಿಯೇ ಉಳಿಯದ ಪಾಸ್‌ಪೋರ್ಟ್ ಇವೆಲ್ಲ ಅಂಥ ಬೀಜಗಳು. ಮುನವಳ್ಳಿ, ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಭಾಗದಿಂದ ಕೊಲ್ಲಿ ದೇಶಕ್ಕೆ ದುಡಿಯಲು, ಓದಲು, ಹಜ್ ಅಥವಾ ಪಶುಪತಿನಾಥ ಯಾತ್ರೆಗೆ, ಮಕ್ಕಳ ಮನೆಗೆಂದು ಹೊರಡುವ ಎಲ್ಲರಿಗೂ ಈ ಸಿದ್ಧತೆ ಒಂದೇ. ಅದರಲ್ಲಿ ಪ್ರಯಾಣಿಕರ ಪಾಲು ಎಷ್ಟಿದೆಯೋ ಮನೆಯವರ ಪಾಲೂ ಅಷ್ಟೇ ಇದೆ.

ಹಂತ 1: ಕಾಗದಪತ್ರ

ಪಾಸ್‌ಪೋರ್ಟ್‌ಗೆ ಸರ್ಕಾರದ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಅಥವಾ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳಬೇಕು. ಹೆಸರು, ಜನ್ಮದಿನಾಂಕ ಮತ್ತು ತಂದೆಯ ಹೆಸರು ಆಧಾರ್, ಶಾಲಾ ದಾಖಲೆ, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ರೀತಿ ಇರಬೇಕು. ಅಕ್ಷರದ ವ್ಯತ್ಯಾಸವಿದ್ದರೆ ಅರ್ಜಿ ಹಾಕುವ ಮೊದಲೇ ತಿದ್ದಿಸಿಕೊಳ್ಳುವುದು ಒಳ್ಳೆಯದು. ಹಲವು ದೇಶಗಳು ಪಾಸ್‌ಪೋರ್ಟ್ ಅವಧಿ ಕನಿಷ್ಠ 6 ತಿಂಗಳಾದರೂ ಬಾಕಿ ಇರಬೇಕೆಂದು ಕೇಳುತ್ತವೆ.

ನೇಪಾಳಕ್ಕೆ ಹೋಗುವ ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವ ವಯಸ್ಕರು ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಒಯ್ಯಬೇಕು, ಆಧಾರ್ ಒಂದನ್ನೇ ನಂಬಿ ಹೊರಡಬಾರದು. ಹೊರದೇಶದಲ್ಲಿ ವಾಹನ ಓಡಿಸುವ ಉದ್ದೇಶವಿದ್ದರೆ ಬೈಲಹೊಂಗಲದ ಸಾರಿಗೆ ಕಚೇರಿಯ ಮೂಲಕ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬೇಕು. ಅದು 1 ವರ್ಷ ಚಾಲ್ತಿಯಲ್ಲಿರುತ್ತದೆ. ಆ ದೇಶ ಅದನ್ನು ಒಪ್ಪುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ. ಲಸಿಕೆ ಹಾಕಿಸಿದ 10 ದಿನಗಳ ನಂತರವಷ್ಟೇ ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದರಿಂದ ಅದನ್ನು ಕೊನೆಯ ವಾರಕ್ಕೆ ಬಿಡುವಂತಿಲ್ಲ.

ಹಂತ 2: ಕೆಲಸದ ಭರವಸೆಯ ಪರೀಕ್ಷೆ

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗಕ್ಕೆ ಸೇರುತ್ತದೆ. ಅಂಥವರು ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೈನ್, ಮಲೇಷ್ಯಾ ಸೇರಿದಂತೆ ಗೊತ್ತುಪಡಿಸಿದ ದೇಶಗಳಿಗೆ ದುಡಿಯಲು ಹೋಗುವ ಮುನ್ನ 1983ರ ವಲಸೆ ಕಾಯ್ದೆಯಂತೆ ಅನುಮತಿ ಪಡೆಯಬೇಕು. ಅನುಮತಿಗಾಗಿ ಅಲೆಯುವುದನ್ನು ತಪ್ಪಿಸುತ್ತೇನೆಂದು ಪ್ರವಾಸಿ ವೀಸಾ ಮಾಡಿಸಿಕೊಡುವ ಏಜೆಂಟ್, ವ್ಯಕ್ತಿಗೆ ಕಾನೂನು ಕೊಟ್ಟ ರಕ್ಷಣೆಯನ್ನೇ ತಪ್ಪಿಸುತ್ತಿರುತ್ತಾನೆ. ಪ್ರವಾಸಿ ವೀಸಾದಲ್ಲಿ ದುಡಿಯುವವರು ಸಂಬಳ ಸಿಗದಿದ್ದರೂ ದೂರು ಕೊಡಲು ಹೆದರಬೇಕಾಗುತ್ತದೆ.

ಏಜೆಂಟನ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕಕ್ಕೆ ಜಿಎಸ್‌ಟಿ ಬಿಟ್ಟು 30,000 ರೂಪಾಯಿಯ ಮಿತಿಯಿದೆ, ಅದಕ್ಕೂ ರಸೀದಿ ಕೊಡಬೇಕು. ಹೊಲ ಒತ್ತೆಯಿಟ್ಟು ಲಕ್ಷಗಟ್ಟಲೆ ಹಣ ಹೊಂದಿಸುವ ಮೊದಲು ಈ ಒಂದು ಅಂಕಿ ನೆನಪಿರಲಿ. ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೆ ಅದು 10 ಲಕ್ಷ ರೂಪಾಯಿ ಪರಿಹಾರ ನೀಡುತ್ತದೆ. ಸಂಶಯವಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090ಕ್ಕೆ ಕರೆ ಮಾಡಿ ಕೇಳಬಹುದು.

ಮೋಸ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಕಲಬುರಗಿ ಜಿಲ್ಲೆಯ ಯುವಕರ ಪ್ರಕರಣ ಸಾಕ್ಷಿ. ರಷ್ಯಾದಲ್ಲಿ ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ಹೋದ ಅವರು ಉಕ್ರೇನ್ ಯುದ್ಧಭೂಮಿಗೆ ತಲುಪಿದರು. ಊರಿಗೆ ಮರಳಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್‌ಗಳಲ್ಲಿ ಡೇಟಾ ಎಂಟ್ರಿ ಕೆಲಸವೆಂದು ಕರೆಸಿ, ಪಾಸ್‌ಪೋರ್ಟ್ ಕಸಿದು, ಆನ್‌ಲೈನ್ ವಂಚನೆಗೆ ದುಡಿಸುವ ಜಾಲಗಳ ಬಗ್ಗೆ ಭಾರತ ಸರ್ಕಾರ 2022ರಿಂದಲೇ ಎಚ್ಚರಿಸುತ್ತಿದೆ. ‘ಮೊದಲು ಥಾಯ್ಲೆಂಡ್‌ಗೆ ಬನ್ನಿ, ಅಲ್ಲಿಂದ ನಾವು ಕರೆದೊಯ್ಯುತ್ತೇವೆ’ ಎನ್ನುವ ಆಹ್ವಾನ ಬಂದರೆ ಅಲ್ಲಿಗೇ ನಿಲ್ಲಿಸಬೇಕು.

ಹಂತ 3: ಚೀಲ ಕಟ್ಟುವುದು

ಉತ್ತರ ಕರ್ನಾಟಕದ ಬುತ್ತಿಯಲ್ಲಿ ಒಂದು ಪದಾರ್ಥ ಅಪಾಯಕಾರಿ: ಗಸಗಸೆ. ಯುಎಇ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಗಸಗಸೆ ನಿಷಿದ್ಧ. ಪೊಟ್ಟಣ ಕಟ್ಟಿದ ಗಸಗಸೆಯಷ್ಟೇ ಅಲ್ಲ, ಅದನ್ನು ಉದುರಿಸಿದ ಉಂಡಿ, ಹೋಳಿಗೆ, ಮಸಾಲೆಪುಡಿಗಳನ್ನೂ ಮನೆಯಲ್ಲೇ ಬಿಡಬೇಕು. ಗುಟ್ಕಾ, ಅಗಿಯುವ ತಂಬಾಕು, ಇ-ಸಿಗರೇಟು ಸಿಂಗಪುರದಲ್ಲಿ ಅಪರಾಧ. ಎಲಿ-ಅಡಿಕಿಯನ್ನು ಯುಎಇಗೆ ಒಯ್ಯುವಂತಿಲ್ಲ. ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿಗಳನ್ನು ಒಯ್ಯುವವರು ಹೋಗುವ ದೇಶದ ಆಹಾರ ನಿಯಮ ನೋಡಿಕೊಂಡು, ಕೇಳಿದ ಕಡೆ ಘೋಷಿಸಬೇಕು.

ಕೋಡೀನ್, ಟ್ರಮಡಾಲ್‌ನಂಥ ಅಂಶವಿರುವ ಕೆಮ್ಮಿನ ಔಷಧ, ನೋವಿನ ಮಾತ್ರೆ, ನಿದ್ದೆ ಮಾತ್ರೆಗಳಿಗೆ ಕೊಲ್ಲಿ ದೇಶಗಳಲ್ಲಿ ಕಟ್ಟುನಿಟ್ಟಿನ ನಿಯಂತ್ರಣವಿದೆ. ಕೆಲವಕ್ಕೆ ಮೊದಲೇ ಅನುಮತಿ ಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲೇ, ಇಂಗ್ಲಿಷಿನಲ್ಲಿ ಬರೆದ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮ: ಪರರ ಪೊಟ್ಟಣ ಒಯ್ಯಬಾರದು. 2019ರಲ್ಲಿ ಸಂಬಂಧಿಯೊಬ್ಬರು ಕೊಟ್ಟ ಪೊಟ್ಟಣದೊಂದಿಗೆ ಕತಾರ್‌ಗೆ ಇಳಿದ ಮುಂಬೈನ ದಂಪತಿಯ ಚೀಲದಲ್ಲಿ ಮಾದಕವಸ್ತು ಸಿಕ್ಕಿತು. ಇಬ್ಬರಿಗೂ 10 ವರ್ಷದ ಶಿಕ್ಷೆಯಾಯಿತು. ನಿರ್ದೋಷಿಗಳೆಂದು ತೀರ್ಮಾನವಾಗಿ ಅವರು ಮರಳಿದ್ದು 2021ರಲ್ಲಿ. ಅಷ್ಟರಲ್ಲಿ ಅವರ ಮಗು ಜೈಲಿನಲ್ಲೇ ಹುಟ್ಟಿತ್ತು. ‘ನಮ್ಮ ಹುಡುಗನಿಗೆ ಒಂದೀಟು ಮುಟ್ಟಿಸಿಬಿಡಪಾ’ ಎಂಬ ಕೋರಿಕೆಯನ್ನು ನಿರಾಕರಿಸುವುದು ಕಷ್ಟ. ಆದರೆ ಕಸ್ಟಮ್ಸ್ ಅಧಿಕಾರಿಯ ಮುಂದೆ ಚೀಲ ಹಿಡಿದವನೇ ಹೊಣೆಗಾರ.

ಹಂತ 4: ಮನೆಯಲ್ಲಿ ಉಳಿಯುವ ಕಡತ

ಮನೆಯಲ್ಲಿ ಒಬ್ಬರನ್ನು ಸಂಪರ್ಕದ ವ್ಯಕ್ತಿಯಾಗಿ ಗೊತ್ತುಮಾಡಿ, ಅವರ ಕೈಯಲ್ಲಿ ಒಂದು ಕಡತ ಇಡಬೇಕು. ಅದರಲ್ಲಿ ಇರಬೇಕಾದವು: ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ವಿಮಾನದ ಟಿಕೆಟ್, ಕರಾರುಪತ್ರ, ವಿಮೆಯ ಸಂಖ್ಯೆ, ಉದ್ಯೋಗದಾತ ಅಥವಾ ಕಾಲೇಜಿನ ವಿಳಾಸ, ಏಜೆಂಟನಿಗೆ ಕೊಟ್ಟ ಹಣದ ರಸೀದಿ, ಜೊತೆಯಲ್ಲಿರುವ ಒಬ್ಬ ಸಹೋದ್ಯೋಗಿ ಅಥವಾ ಸಹಪಾಠಿಯ ದೂರವಾಣಿ ಸಂಖ್ಯೆ, ಆ ದೇಶದ ಭಾರತೀಯ ರಾಯಭಾರ ಕಚೇರಿಯ ಸಂಖ್ಯೆ. ಮಾತಾಡಲು ವಾರದಲ್ಲಿ ನಿಗದಿತ ದಿನ, ವೇಳೆ ಇರಲಿ. ಪಕ್ಕದಲ್ಲಿ ಯಾರಾದರೂ ನಿಂತು ಬೆದರಿಸುತ್ತಿದ್ದರೂ ಹೇಳಬಹುದಾದ, ‘ತೊಂದರೆಯಲ್ಲಿದ್ದೇನೆ’ ಎಂದು ಮನೆಯವರಿಗೆ ಮಾತ್ರ ತಿಳಿಯುವ ಸಾದಾ ಮಾತೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

‘ನಿಮ್ಮ ಮಗ ಪೊಲೀಸರ ವಶದಲ್ಲಿದ್ದಾನೆ, ತಕ್ಷಣ ಹಣ ಹಾಕಿ’ ಎಂಬ ಕರೆ ಬಂದರೆ ಹಣ ಹಾಕಬಾರದು. ಮೊದಲು ಮಗನಿಗೆ, ಬಳಿಕ ಅವನ ಸಂಗಡಿಗರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಹಣ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ತಿಳಿಸಬೇಕು.

ಹಣದ ವಿಷಯದಲ್ಲಿ ಇನ್ನೊಂದು ಸಿದ್ಧತೆಯಿದೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಷ್ಟೇ ನಡೆಯುತ್ತವೆ. ಹೊರದೇಶದ ಬಳಕೆಯನ್ನು ಕೇಳಿ ಚಾಲೂ ಮಾಡಿಸಿಕೊಳ್ಳಬೇಕು. ಬ್ಯಾಂಕಿಗೆ ಜೋಡಿಸಿದ ಸಿಮ್‌ಗೆ ರೋಮಿಂಗ್ ಇಲ್ಲದಿದ್ದರೆ ಓಟಿಪಿ ಬರದೆ ಸ್ವಂತ ಹಣವೇ ಕೈಗೆ ಸಿಗುವುದಿಲ್ಲ. ನಗದು, ಕಾರ್ಡು, ಪಾಸ್‌ಪೋರ್ಟ್ ಮೂರನ್ನೂ ಒಂದೇ ಕಡೆ ಇಡಬಾರದು.

ಹಂತ 5: ಇಳಿದ ಮೇಲಿನ ಮೊದಲ ದಿನಗಳು

ಸ್ಥಳೀಯ ಸಿಮ್ ಪಡೆದು ಮನೆಗೆ ಸಂಖ್ಯೆ, ವಾಸದ ವಿಳಾಸ ಕಳುಹಿಸುವುದು ಮೊದಲ ಕೆಲಸ. ದೀರ್ಘಕಾಲ ಇರುವವರು ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಕನ್ನಡ ಸಂಘ ಬಹ್ರೈನ್, ಕರ್ನಾಟಕ ಸಂಘ ಕತಾರ್‌ನಂಥ ಸಂಘಟನೆಗಳ ಪರಿಚಯ ಕಷ್ಟದ ದಿನ ಬರುವ ಮೊದಲೇ ಆಗಲಿ.

ತುರ್ತು ಸಂಖ್ಯೆಗಳು ಪ್ರತಿ ದೇಶಕ್ಕೂ ಬೇರೆ. ಯುಎಇಯಲ್ಲಿ ಪೊಲೀಸ್ 999, ಆಂಬುಲೆನ್ಸ್ 998. ಸಿಂಗಪುರದಲ್ಲಿ ಪೊಲೀಸ್ 999, ಆಂಬುಲೆನ್ಸ್ 995. ನೇಪಾಳದಲ್ಲಿ ಪೊಲೀಸ್ 100. ಥಾಯ್ಲೆಂಡ್‌ನ ಪ್ರವಾಸಿ ಪೊಲೀಸ್ 1155. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲಿ 112, ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000.

ರಸ್ತೆ ದಾಟುವಾಗ ವಿಶೇಷ ಎಚ್ಚರ ಬೇಕು. ಕೊಲ್ಲಿ ದೇಶ, ಅಮೆರಿಕ ಮತ್ತು ಯುರೋಪಿನ ಬಹುಭಾಗದಲ್ಲಿ ವಾಹನಗಳು ಬಲಬದಿಯಲ್ಲಿ ಓಡುವುದರಿಂದ ಮೊದಲು ಎಡಕ್ಕೆ ನೋಡಬೇಕು. ಯುಎಇಯಲ್ಲಿ ಅನುಮತಿಯಿಲ್ಲದೆ ಪರರ ಫೋಟೊ ತೆಗೆಯುವುದು, ವಾಟ್ಸ್‌ಆ್ಯಪ್‌ನಲ್ಲಿ ಬೈಗುಳ ಕಳುಹಿಸುವುದು, ಪರವಾನಗಿಯಿಲ್ಲದೆ ದೇಣಿಗೆ ಸಂಗ್ರಹಿಸುವುದು ಶಿಕ್ಷಾರ್ಹ. ಹಜ್ ಯಾತ್ರಿಗಳಿಗೆ ಬೇಸಿಗೆಯ ಬಿಸಿಲು ದೊಡ್ಡ ಅಪಾಯ. ಕೊಡೆ, ನೀರು, ನಡುಹಗಲಿನ ವಿಶ್ರಾಂತಿ ಬಿಡಬಾರದು. ನೇಪಾಳದ ಮುಕ್ತಿನಾಥದಂಥ 3,700 ಮೀಟರ್ ಎತ್ತರದಲ್ಲಿ ತಲೆನೋವು, ವಾಂತಿ, ಉಸಿರಾಟದ ತೊಂದರೆ ಕಂಡರೆ ದರ್ಶನ ಬಾಕಿಯಿದ್ದರೂ ಕೆಳಗಿಳಿಯಬೇಕು.

ಹಂತ 6: ಸಂಕಷ್ಟ ಬಂದಾಗ

ಪಾಸ್‌ಪೋರ್ಟ್ ಕಳೆದರೆ ಸ್ಥಳೀಯ ಪೊಲೀಸರಲ್ಲಿ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ರಾಯಭಾರ ಕಚೇರಿಗೆ ಹೋಗಬೇಕು. ಹೊಸ ಪಾಸ್‌ಪೋರ್ಟ್‌ಗೆ ಸಮಯವಿಲ್ಲದಿದ್ದರೆ ಭಾರತಕ್ಕೆ ಮರಳಲು ಮಾತ್ರ ಸಲ್ಲುವ ತುರ್ತು ಪ್ರಮಾಣಪತ್ರ ಸಿಗುತ್ತದೆ. ಮಾಲೀಕ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದರೆ ಅಥವಾ ಸಂಬಳ ಕೊಡದಿದ್ದರೆ ಮನೆಯವರೂ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಬಂಧನವಾದರೆ ‘ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ’ ಎಂದು ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಕೊಟ್ಟಿದೆ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕದೆ ದುಭಾಷಿಯನ್ನು ಕೇಳಬೇಕು. ರಾಯಭಾರ ಕಚೇರಿ ಬಂಧಿತರನ್ನು ಭೇಟಿಯಾಗುತ್ತದೆ, ವಕೀಲರ ಪಟ್ಟಿ ಕೊಡುತ್ತದೆ, ಮನೆಯವರಿಗೆ ಸುದ್ದಿ ಮುಟ್ಟಿಸುತ್ತದೆ. ಆ ದೇಶದ ನ್ಯಾಯಾಲಯದ ತೀರ್ಪನ್ನು ಬದಲಿಸಲು ಅದಕ್ಕೆ ಅಧಿಕಾರವಿಲ್ಲ.

ಯುದ್ಧ, ಗಲಭೆಯ ಸೂಚನೆ ಸಿಕ್ಕಾಗ ಮೊದಲ ಎಚ್ಚರಿಕೆಗೇ ಹೊರಡುವುದು ಸುರಕ್ಷಿತ. ಉಕ್ರೇನ್‌ನ ಭಾರತೀಯ ರಾಯಭಾರ ಕಚೇರಿ 2022ರ ಫೆಬ್ರುವರಿ 15ರಂದೇ ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಪರಿಗಣಿಸುವಂತೆ ವಿದ್ಯಾರ್ಥಿಗಳಿಗೆ ತಿಳಿಸಿತ್ತು. 24ಕ್ಕೆ ಯುದ್ಧ ಶುರುವಾಗಿ ವಾಯುಮಾರ್ಗ ಮುಚ್ಚಿತು. ತರಗತಿ ತಪ್ಪುವ ಚಿಂತೆ, ದುಬಾರಿ ಟಿಕೆಟ್‌ಗಳ ನಡುವೆ ಸಾವಿರಾರು ಮಕ್ಕಳು ಅಲ್ಲೇ ಸಿಕ್ಕಿಬಿದ್ದರು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಆಹಾರ ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಬಲಿಯಾದರು. ಆ ನೋವು ಕಲಿಸುವ ಪಾಠಗಳು ಎರಡು: ಪರಿಸ್ಥಿತಿ ಬಿಗಡಾಯಿಸುವ ಮೊದಲೇ ಹಲವು ದಿನಗಳ ಆಹಾರ, ನೀರು, ಔಷಧ ಕೂಡಿಡಬೇಕು. ಮರಳುವ ಟಿಕೆಟ್ಟಿನ ಹಣವನ್ನು ಯಾವ ಕಾರಣಕ್ಕೂ ಮುಟ್ಟದೆ ಇಡಬೇಕು.

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಭುಗಿಲೆದ್ದಾಗ ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಸಿಕ್ಕಿಕೊಂಡರು. ‘ಆಪರೇಷನ್ ಕಾವೇರಿ’ ಅಡಿ ಭಾರತೀಯರನ್ನು ಪೋರ್ಟ್ ಸುಡಾನ್‌ಗೆ ಕರೆತಂದು, ಹಡಗು ಮತ್ತು ವಿಮಾನದಲ್ಲಿ ಸೌದಿಯ ಜೆದ್ದಾಕ್ಕೆ ದಾಟಿಸಿ, ಅಲ್ಲಿಂದ ದೇಶಕ್ಕೆ ಕರೆತರಲಾಯಿತು. ಇಂಥ ಕಾರ್ಯಾಚರಣೆ ಆರಂಭವಾಗುವುದೇ ಯಾರು, ಎಲ್ಲಿ, ಎಷ್ಟು ಜನ ಎಂಬ ಪಟ್ಟಿಯಿಂದ. ರಾಯಭಾರ ಕಚೇರಿಯಲ್ಲಿ ಹೆಸರಿದ್ದವರನ್ನು ಹುಡುಕುವುದು ಸುಲಭ. ಮನೆಯವರು ತಮ್ಮ ಕಡತದ ವಿವರಗಳನ್ನು ಜಿಲ್ಲಾಧಿಕಾರಿ ಕಚೇರಿಗೂ ವಿದೇಶಾಂಗ ಸಚಿವಾಲಯದ ಸಹಾಯವಾಣಿಗೂ ತಲುಪಿಸಬೇಕು. ರಾಯಭಾರ ಕಚೇರಿ ಹೇಳದ ಹೊರತು ಗುಂಪು ಬಿಟ್ಟು ಒಂಟಿಯಾಗಿ ಗಡಿಯತ್ತ ಹೊರಡಬಾರದು. ಫೋನಿನ ಬ್ಯಾಟರಿಯನ್ನು ಸಂದೇಶಗಳಿಗೆ ಉಳಿಸಿ, ಇರುವ ಜಾಗ ಬದಲಾದಾಗಲೆಲ್ಲ ಮನೆಗೂ ರಾಯಭಾರ ಕಚೇರಿಗೂ ತಿಳಿಸಬೇಕು.